ಪದಚರ್ಚೆ: ‘ಕಿಂಗ್-ಇನ್-ವೇಟಿಂಗ್’, ‘ಸ್ಯಾಕ್ರಿಫೈಸ್’ – ಎರಡು ಬಿರುದುಗಳಿಗೆ ಕನ್ನಡ ಬೇಕು, ಇಂದು ಸಂಜೆಯೊಳಗೆ

ಜಯನಗರ:

ಎಲ್ಲರಿಗೂ ನಮಸ್ಕಾರ. ರಾಬಿನ್ ಹಾಬ್ ಅವರ ‘ಅಸ್ಯಾಸಿನ್ಸ್ ಅಪ್ರೆಂಟಿಸ್’ (1995) ಕಾದಂಬರಿಯನ್ನು ಮತ್ತೊಮ್ಮೆ ಓದುವ ಕೂಟಕ್ಕಾಗಿ ಒಂದು ಬಟ್ಟೆ ಬ್ಯಾನರು, ನಾಲ್ಕು ಪುಟದ ಕೈಹೊತ್ತಿಗೆ ಅಚ್ಚಾಗಬೇಕಿದೆ. ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಸಂಜೆ ಆರಕ್ಕೆ ಫೈಲ್ ಹೋಗಬೇಕು. ಎರಡು ಪದ ಕೂತಿಲ್ಲ.

ಮೊದಲನೆಯದು ‘ಕಿಂಗ್-ಇನ್-ವೇಟಿಂಗ್’. ದೊರೆ ಶ್ರೂಡ್‌ಗೆ ಮೂವರು ಗಂಡುಮಕ್ಕಳು. ಹಿರಿಯವ ಶಿವಲ್ರಿ, ನಡುವಿನವ ವೆರಿಟಿ, ಎರಡನೇ ರಾಣಿಯ ಮಗ ರೀಗಲ್. ಶಿವಲ್ರಿಗೆ ಮದುವೆಯಾಚೆ ಹುಟ್ಟಿದ ಮಗನಿದ್ದಾನೆ ಎಂಬುದು ಬಯಲಾದಾಗ (ಆ ಮಗನೇ ಕಥೆ ಹೇಳುವ ಫಿಟ್ಜ್) ಅವನು ಈ ಸ್ಥಾನ ಬಿಟ್ಟುಕೊಡುತ್ತಾನೆ, ಅದು ವೆರಿಟಿಗೆ ಬರುತ್ತದೆ. ಮೂವರೂ ರಾಜಕುಮಾರರೇ. ಬಿರುದು ಮಾತ್ರ ಒಂದು ಹೊತ್ತಿಗೆ ಒಬ್ಬನದು.

ಎರಡನೆಯದು ‘ಸ್ಯಾಕ್ರಿಫೈಸ್’. ಬೆಟ್ಟದ ರಾಜ್ಯದಲ್ಲಿ ಆಳುವವರನ್ನು ಕರೆಯುವುದೇ ಹಾಗೆ. ಪ್ರಜೆಗಳಿಗಾಗಿ ತನ್ನನ್ನೇ ಕೊಟ್ಟುಕೊಳ್ಳಲು ಸದಾ ಸಿದ್ಧವಿರಬೇಕಾದವರು ಎಂಬ ಭಾವ. ಗಂಡಿಗೂ ಹೆಣ್ಣಿಗೂ ಸಲ್ಲಬೇಕು, ಮುಂದೆ ‘ಬಂದರು’, ‘ಹೇಳಿದರು’ ಹತ್ತಬೇಕು. ಬ್ಯಾನರಿನ ಸಾಲು ‘ಬೆಟ್ಟದ ನಾಡಿನಲ್ಲಿ ದೊರೆಯ ಹೆಸರು’ ಎಂದು ಶುರುವಾಗಿ ಆ ಪದದಲ್ಲಿ ನಿಲ್ಲುತ್ತದೆ. ಅಗಲ ಆರೇ ಅಡಿ. ನಾಲ್ಕೈದು ಅಕ್ಷರ ದಾಟಬಾರದು.

‘ಸ್ಕಿಲ್’, ‘ವಿಟ್’ ಎಂಬ ಎರಡು ಮಾಂತ್ರಿಕ ಶಕ್ತಿಗಳಿಗೂ ಯಾರಿಗಾದರೂ ಪದ ಹೊಳೆದರೆ ಹೇಳಿ.

ಬಸವನಗುಡಿ:

ಮೊದಲನೆಯದು ಯುವರಾಜ. ಇದರಲ್ಲಿ ಚರ್ಚೆಯೇ ಬೇಡ. ಅಯೋಧ್ಯಾಕಾಂಡದಲ್ಲಿ ದಶರಥ ಏರ್ಪಡಿಸಿದ್ದು ಯೌವರಾಜ್ಯದ ಅಭಿಷೇಕ. ಕೈಕೇಯಿ ತಡೆದದ್ದೂ ಅದನ್ನೇ. ರಾಜಕುಮಾರ ಎನ್ನುವುದು ಹುಟ್ಟಿನಿಂದ ಬರುತ್ತದೆ, ಯುವರಾಜ ಎನ್ನುವುದು ಪಟ್ಟದಿಂದ. ವೆರಿಟಿ ಯುವರಾಜ, ರೀಗಲ್ ರಾಜಕುಮಾರ.

ಶಿವಲ್ರಿ ಬಿಟ್ಟದ್ದನ್ನು ‘ಸಿಂಹಾಸನತ್ಯಾಗ’ ಎಂದು ಬರೆಯಬೇಡಿ. ಅವನು ಸಿಂಹಾಸನ ಏರಿಯೇ ಇರಲಿಲ್ಲ. ‘ಯೌವರಾಜ್ಯ ಬಿಟ್ಟುಕೊಟ್ಟ’ ಎನ್ನಿ.

ಎರಡನೆಯದಕ್ಕೆ ಬಲಿ. ಎರಡೇ ಅಕ್ಷರ.

ರಾಜಾಜಿನಗರ:

ಎಲ್ಲದಕ್ಕೂ ಸಂಸ್ಕ್ರುತದ ಮನೆ ಬಾಗಿಲಿಗೇ ಹೋಗಬೇಕೇ? ತಮಿಳರಿಗೆ ‘ಇಳವರಸನ್’ ಇದೆ, ನಮಗೆ ‘ಎಳೆಯರಸ’ ಇದೆ. ಬೇಡವೆಂದರೆ ‘ಮುಂಬರಸ’. ಕೇಳಿದೊಡನೆ ತಿಳಿಯುತ್ತದೆ, ಬಾರವೂ ಇಲ್ಲ. ಸಂಸ್ಕ್ರುತ ಪದಗಳನ್ನು ಹಾಗೆಯೇ ಬಳಸದೆ ‘ಕಬ್ಬಿಗರ ಕಾವ’ ಬರೆದ ಆಂಡಯ್ಯನಿಗೆ ಆಗಿದ್ದು ನಮಗೆ ಕಶ್ಟವೇ?

ಬಸವನಗುಡಿ:

‘ಮುಂಬರಸ’ದಲ್ಲಿ ಬಕಾರ ಎಲ್ಲಿಂದ ಬಂತು? ಮುಂಬಾಗಿಲಿನಲ್ಲಿ ಬಾಗಿಲಿದೆ, ಮುಂಬರಹದಲ್ಲಿ ಬರಹವಿದೆ. ಅರಸನಲ್ಲಿ ಬಕಾರವಿಲ್ಲ. ಸಂಧಿಗೆ ಒಗ್ಗಿಸಿ ‘ಮುನ್ನರಸ’ ಎಂದರೆ ಹಿಂದೆ ಆಗಿಹೋದ ಅರಸ ಎಂದಾಗುತ್ತದೆ. ಬೇಕಾದುದಕ್ಕೆ ತೀರಾ ತಿರುಗುಮುರುಗು.

ಇನ್ನು ‘ಅರಸ’ ನಿಮ್ಮ ಅಚ್ಚಗನ್ನಡವೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಅದು ‘ರಾಜ’ದಿಂದಲೇ ಬಂದದ್ದು, ರೇಫದಿಂದ ಶುರುವಾಗುವ ಪದಕ್ಕೆ ದ್ರಾವಿಡ ಬಾಯಿ ಮುಂದೊಂದು ಅಕಾರ ಹಚ್ಚಿಕೊಂಡಿತು ಎಂಬ ವಾದ ಹಳೆಯದು.

ರಾಜಾಜಿನಗರ:

ವಾದ ಹಳೆಯದು, ತೀರ್ಪು ಇನ್ನೂ ಬಂದಿಲ್ಲ. ತಮಿಳಿನ ಅರಸನ್, ಮಲಯಾಳದ ಅರಚನ್ ಎರಡನ್ನೂ ಇಟ್ಟುಕೊಂಡು ಮಾತಾಡಿ.

ಮಲ್ಲೇಶ್ವರ:

ಅರಸನ ಮೂಲ ಇವತ್ತಿನ ಬ್ಯಾನರಿಗೆ ಬೇಕಿಲ್ಲ.

ಯುವರಾಜ ಸರಿ. ಆದರೆ ಬಸವನಗುಡಿ ಸರ್ ಕೊಟ್ಟ ಕಾರಣದ ಜೊತೆ ಇನ್ನೂ ಎರಡು ಬೇಕು. ಇಲ್ಲದಿದ್ದರೆ ‘ಯುವ ಎಂದರೆ ಎಳೆಯ, ರಾಜನ ಮಗ’ ಎಂದು ಓದುಗರು ಸುಮ್ಮನೆ ದಾಟಿಬಿಡುತ್ತಾರೆ. ಮೊದಲನೆಯದು ವಯಸ್ಸು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಯುವರಾಜರು ಕಂಠೀರವ ನರಸಿಂಹರಾಜ ಒಡೆಯರು. ಹುಟ್ಟಿದ್ದು 1888, ತೀರಿಕೊಂಡದ್ದು 1940ರ ಮಾರ್ಚ್. ಐವತ್ತು ದಾಟಿದ ಮೇಲೂ ಅವರು ಯುವರಾಜರೇ. ಎರಡನೆಯದು ನಂಟು. ಅವರು ನಾಲ್ವಡಿಯವರ ಮಗನಲ್ಲ, ತಮ್ಮ. ಅದೇ ವರ್ಷ ಆಗಸ್ಟ್‌ನಲ್ಲಿ ನಾಲ್ವಡಿಯವರೂ ಹೋದಾಗ ಪಟ್ಟ ಬಂದದ್ದು ತಮ್ಮನ ಮಗ ಜಯಚಾಮರಾಜರಿಗೆ. ಕಿಷ್ಕಿಂಧೆಯಲ್ಲಿ ಸುಗ್ರೀವ ರಾಜನಾದಾಗಲೂ ಯುವರಾಜನಾದವನು ಅಣ್ಣ ವಾಲಿಯ ಮಗ ಅಂಗದ. ಸರದಿಯಲ್ಲಿ ಮುಂದಿನವನು ಯಾರು ಎಂಬುದಷ್ಟೇ ಈ ಬಿರುದಿನ ಅರ್ಥ. ಹಾಬ್ ಅವರ ಪದದ ಅರ್ಥವೂ ಅಷ್ಟೇ. ‘ಎಳೆಯರಸ’ದಲ್ಲಿ ಎಳೆತನ ಇನ್ನೂ ಹಸಿಯಾಗಿದೆ. ಸೇನೆ, ಹಡಗು ನೋಡಿಕೊಳ್ಳುವ ವೆರಿಟಿಗೆ ಅದು ಒಪ್ಪುವುದಿಲ್ಲ.

‘ಬಲಿ’ ಮಾತ್ರ ಖಂಡಿತ ಬೇಡ. ಕಾರಣ ಹೇಳುತ್ತೇನೆ.

‘ಬಲಿ ಬಂದರು’ ಎಂದೊಡನೆ ಕನ್ನಡದವರ ಕಣ್ಣಿಗೆ ಬರುವುದು ಬಲಿಪಾಡ್ಯಮಿ, ಬಲೀಂದ್ರ, ವಾಮನನ ಮೂರನೇ ಹೆಜ್ಜೆ. ಅವನೂ ತನ್ನನ್ನೇ ಕೊಟ್ಟುಕೊಂಡವನು, ಹಾಗಾಗಿ ಆಸೆ ಹುಟ್ಟಿಸುವ ಪದವೇ. ಆದರೆ ಅಷ್ಟು ದೊಡ್ಡ ಪುರಾಣ ಒಳಗೆ ಬಂದರೆ ಕಾದಂಬರಿಯ ಬೆಟ್ಟದ ನಾಡು ಪಾತಾಳವಾಗಿಬಿಡುತ್ತದೆ. ಪುರಾಣ ಬಿಟ್ಟು ನೋಡಿದರೂ ‘ಬಲಿಯಾದ’ ಎಂದರೆ ಅಪಘಾತದ ಸುದ್ದಿ. ಬೇರೆಯವರು ಕೊಡುವುದು ಬಲಿ. ತಾನಾಗಿ ಒಪ್ಪಿಕೊಂಡು ನಿಲ್ಲುವುದು ಅದರಲ್ಲಿ ಇಲ್ಲ. ಜೊತೆಗೆ ಸಂಸ್ಕೃತದಲ್ಲಿ ಬಲಿಗೆ ಕಂದಾಯ ಎಂಬ ಅರ್ಥವೂ ಇದೆ. ರಘುವಂಶದ ಮೊದಲ ಸರ್ಗದಲ್ಲಿ ದಿಲೀಪ ಪ್ರಜೆಗಳಿಂದ ಪಡೆಯುವ ತೆರಿಗೆಗೆ ಕಾಳಿದಾಸ ಇಟ್ಟ ಪದ ಬಲಿ. ದೊರೆ ತೆಗೆದುಕೊಳ್ಳುವುದಕ್ಕೆ ಇದ್ದ ಪದವನ್ನು ದೊರೆ ಕೊಡುವುದಕ್ಕೆ ತಿರುಗಿಸುವುದು ಚೆಂದವೇ, ಅದನ್ನು ಹಿಡಿಯುವ ಓದುಗ ಮಾತ್ರ ಬ್ಯಾನರಿನ ಮುಂದೆ ನಿಲ್ಲುವುದಿಲ್ಲ.

ನನ್ನ ಸಲಹೆ ‘ಮುಡಿಪು’.

ವೆಂಕಟರಮಣನಿಗೆ ಹರಕೆ ಹೊತ್ತು ಅರಿಸಿನದ ಬಟ್ಟೆಯಲ್ಲಿ ಕಾಸು ಗಂಟು ಕಟ್ಟಿ ದೇವರ ಮುಂದಿಡುತ್ತಾರಲ್ಲ, ಅದು ಮುಡಿಪು. ಗಂಟು ಮನೆಯಲ್ಲೇ ಇರುತ್ತದೆ, ಆದರೆ ಆಗಲೇ ಮನೆಯವರದಲ್ಲ. ಮನೆಯಲ್ಲಿ ಎಷ್ಟೇ ಕಷ್ಟ ಬಂದರೂ ಅದನ್ನು ಬಿಚ್ಚುವುದಿಲ್ಲ, ಬೆಟ್ಟ ಹತ್ತಿದ ದಿನ ಹುಂಡಿಗೆ ಹಾಕುತ್ತಾರೆ. ಬೆಟ್ಟದ ನಾಡಿನ ದೊರೆಯ ಸ್ಥಿತಿ ಥೇಟು ಇದು. ಪ್ರಾಣ ಇನ್ನೂ ಹೋಗಿಲ್ಲ, ಹೋಗಲೇಬೇಕು ಎಂದೂ ಇಲ್ಲ, ಎತ್ತಿಟ್ಟದ್ದಾಗಿದೆ. ‘ತ್ಯಾಗ’ ಎಂದರೆ ಮುಗಿದ ಕೆಲಸ, ‘ಆಹುತಿ’ ಎಂದರೆ ಸುಟ್ಟುಹೋದದ್ದು. ‘ಮುಡಿಪು’ ಮಾತ್ರ ಕಾದಿರುತ್ತದೆ. ‘ಜೀವನವನ್ನೇ ಮುಡಿಪಾಗಿಟ್ಟರು’ ಎಂಬ ಮಾತು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು, ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಬುಡವನ್ನೂ ನೋಡಿ. ಮುಡಿ ಎಂದರೆ ಕಟ್ಟು, ಗಂಟು. ಅದೇ ಮುಡಿಯಿಂದ ತಲೆಯ ಮುಡಿ, ತುಳುನಾಡಿನ ಅಕ್ಕಿ ಮುಡಿ, ಮೇಲುಕೋಟೆಯ ವೈರಮುಡಿ, ರಾಜಮುಡಿ. ಅಲ್ಲಿ ಮುಡಿ ಎಂದರೆ ಕಿರೀಟವೇ. ಪಟ್ಟವೂ ಮೂಲದಲ್ಲಿ ಹಣೆಗೆ ಬಿಗಿಯುವ ಪಟ್ಟಿ. ಹಾಗಾಗಿಯೇ ನಾವು ಪಟ್ಟ ‘ಕಟ್ಟುತ್ತೇವೆ’. ಪಟ್ಟ ಕಟ್ಟುವುದು, ಮುಡಿಪು ಕಟ್ಟುವುದು, ಎರಡಕ್ಕೂ ಒಂದೇ ಕ್ರಿಯಾಪದ. ಕಿರೀಟವೇ ಹರಕೆಯ ಗಂಟು ಎನ್ನುವ ನಾಡಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣದು.

ವಿಜಯನಗರ:

ತೆಲುಗು ಬಲ್ಲವರಿಗೆ ‘ಮುಡುಪು’ ಎಂದರೆ ಈಗ ಲಂಚದ ಹಣ. ಪತ್ರಿಕೆಗಳಲ್ಲಿ ‘ಮುಡುಪುಲು’ ಎಂದೇ ಬರೆಯುತ್ತಾರೆ. ಬೆಂಗಳೂರಿನಲ್ಲಿ ಆ ಬ್ಯಾನರ್ ಓದುವವರಲ್ಲಿ ಬಹಳ ಜನಕ್ಕೆ ತೆಲುಗು ಬರುತ್ತದೆ. ದಕ್ಷಿಣ ಕನ್ನಡದವರಿಗೆ ಮುಡಿಪು ಒಂದು ಊರು. ಯಾಕೆ ಈ ತಾಪತ್ರಯ? ‘ಸ್ಯಾಕ್ರಿಫೈಸ್’ ಎಂದೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಮೈಸೂರು ಅರಮನೆ ನಡೆದದ್ದೇ ದರ್ಬಾರು, ದಿವಾನ, ಹುಜೂರು, ಸವಾರಿ, ಖಾಸಾ, ಜನಾನ ಎಂಬ ಪದಗಳ ಮೇಲೆ. ಒಂದೂ ಕನ್ನಡದ್ದಲ್ಲ, ಸಂಸ್ಕೃತದ್ದೂ ಅಲ್ಲ. ಚಾಮರಾಜ ಒಡೆಯರು ತೀರಿಕೊಂಡ ಮೇಲೆ 1895ರಿಂದ 1902ರವರೆಗೆ ಆಳಿದ ಮಹಾರಾಣಿಯವರನ್ನು ರೀಜೆಂಟ್ ಎಂದೇ ಜನ ಕರೆದರು. ಯಾರ ಕನ್ನಡವೂ ಕೆಡಲಿಲ್ಲ.

ರಾಜಾಜಿನಗರ:

ಕೆಟ್ಟಿದೆ. ಕೆಟ್ಟದ್ದು ಕಾಣದಶ್ಟು ಒಗ್ಗಿಹೋಗಿದೆ, ಅಶ್ಟೇ.

‘ಮುಡಿಪು’ ಒಳ್ಳೆಯ ಪದ, ಒಪ್ಪಿದೆ.

ಬಸವನಗುಡಿ:

‘ಅಶ್ಟೇ’ ಎಂದು ಬರೆಯುವವರು ಕನ್ನಡ ಕೆಟ್ಟಿತೆಂದು ಹೇಳುವುದನ್ನು ಕೇಳಬೇಕಾಗಿದೆ.

ಮುಡಿಪಿಗೆ ನನ್ನ ಆಕ್ಷೇಪಣೆ ಲಿಂಗದ್ದು. ನಪುಂಸಕ ಪದ. ‘ಮುಡಿಪು ಬಂದರು’ ಎನ್ನಲಾಗದು. ಮನುಷ್ಯರೇ ಬೇಕೆಂದರೆ ಹೊಯ್ಸಳರ ‘ಗರುಡ’ರಿದ್ದಾರೆ, ‘ಲೆಂಕ’ರಿದ್ದಾರೆ. ಎರಡನೇ ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನ ಶಾಸನಸ್ತಂಭ ಹಳೇಬೀಡಿನಲ್ಲೇ ನಿಂತಿದೆ. ಪ್ರಾಣ ಕೊಡುವ ಮಾತು ಕೊಟ್ಟವರಿಗೆ ನಮ್ಮಲ್ಲಿ ಬಿರುದುಗಳಿಗೆ ಬರವಿಲ್ಲ.

ಮಲ್ಲೇಶ್ವರ:

ಸರ್, ಗರುಡ ದೊರೆಗಾಗಿ ಸಾಯುತ್ತಾನೆ. ಇಲ್ಲಿ ದೊರೆ ಜನರಿಗಾಗಿ. ದಿಕ್ಕೇ ಬೇರೆ. ಆ ಪದ ಇಟ್ಟರೆ ಕಾದಂಬರಿ ಹೇಳುವುದಕ್ಕೆ ತದ್ವಿರುದ್ಧ ಹೇಳಿದಂತಾಗುತ್ತದೆ.

ಲಿಂಗದ ತೊಡಕು ಇಲ್ಲ. ಅದೇ ರೀಜೆಂಟ್ ಮಹಾರಾಣಿಯವರ ಬಿರುದು ‘ವಾಣೀವಿಲಾಸ ಸನ್ನಿಧಾನ’. ಸನ್ನಿಧಾನ ಯಾವ ಲಿಂಗ? ‘ಸನ್ನಿಧಾನ ಬಂದರು’ ಎನ್ನುತ್ತೇವೆ. ಹಳ್ಳಿಗಳಲ್ಲಿ ಸ್ವಾಮಿಗಳನ್ನು ‘ಬುದ್ಧಿ’ ಎಂದು ಕರೆದು ‘ಬುದ್ಧಿಯವರು ಬಂದರು’ ಎನ್ನುತ್ತಾರೆ. ಗೌರವದ ಬಹುವಚನ ಹತ್ತಿದರೆ ನಪುಂಸಕ ಪದಕ್ಕೂ ಮನುಷ್ಯರ ಸ್ಥಾನ ಬರುತ್ತದೆ. ಕೈಹೊತ್ತಿಗೆಯಲ್ಲಿ ಕರ್ತೃವಾಗಿ ಬಂದಲ್ಲಿ ‘ಮುಡಿಪಿನವರು’ ಎಂದು, ಬಿರುದಾಗಿ ಬಂದಲ್ಲಿ ಬರಿದೇ ‘ಮುಡಿಪು’ ಎಂದು ಇಡಿ. ವಿಭಕ್ತಿ ಸಲೀಸು: ಮುಡಿಪನ್ನು, ಮುಡಿಪಿಗೆ, ಮುಡಿಪಿನ. ‘ಮುಡಿಪುವಿಗೆ’ ಎಂದು ಬರೆದೀರಿ, ಅದು ತಪ್ಪು.

ವಿಜಯನಗರದವರಿಗೆ: ಕನ್ನಡ ಬ್ಯಾನರಿಗೆ ತೆಲುಗು ಪತ್ರಿಕೆಯ ಅರ್ಥ ಅಡ್ಡ ಬರುವುದಿಲ್ಲ. ಎರವಲು ಬೇಡ ಎಂಬುದು ನನ್ನ ವಾದವೂ ಅಲ್ಲ. ದಿವಾನ ಎಂಬ ಪದ ದಿವಾನಗಿರಿಯ ಜೊತೆ ಬಂತು, ಕಚೇರಿ ಬಂದಾಗ ಕಚೇರಿಯ ಹೆಸರೂ ಬಂತು. ‘ಸ್ಯಾಕ್ರಿಫೈಸ್’ ಹಾಗಲ್ಲ. ಅಲ್ಲಿ ಬಿರುದಿನ ಅರ್ಥವೇ ಕಥೆ. ಅದು ಕಿವಿಗೆ ಬಿದ್ದು ಅರ್ಥ ಹುಟ್ಟದಿದ್ದರೆ ಬೆಟ್ಟದ ರಾಜ್ಯದ ರಾಜಕುಮಾರಿ ಕೆಟ್ರಿಕನ್ ಮುಂದೆ ಮಾಡುವ ಒಂದೊಂದು ಕೆಲಸವೂ ಕನ್ನಡದ ಓದುಗನಿಗೆ ಬರೀ ಹಟವಾಗಿ ಕಾಣುತ್ತದೆ.

ಜಯನಗರ:

ಬಹಳ ಉಪಕಾರ ಮೇಡಂ. ‘ಮುಡಿಪುರಾಜ’ ಎಂದರೆ ಇನ್ನೂ ಸ್ಪಷ್ಟವಾಗುತ್ತದೆಯೇ?

ಬಸವನಗುಡಿ:

ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಹೊಲಿದದ್ದು.

ಮಲ್ಲೇಶ್ವರ:

ಬಿರುದಾವಳಿಗಳಲ್ಲಿ ಅರಿಸಮಾಸಕ್ಕೆ ‘ಶಬ್ದಮಣಿದರ್ಪಣ’ದ ಕೇಶಿರಾಜನೇ ರಿಯಾಯಿತಿ ಕೊಟ್ಟಿದ್ದಾನೆ, ಆ ಕಾರಣಕ್ಕೆ ಬಿಡಬೇಕಿಲ್ಲ. ಆದರೆ ಕೆಟ್ರಿಕನ್ ಹೆಣ್ಣು, ‘ರಾಜ’ ಹತ್ತುವುದಿಲ್ಲ. ಬರೀ ಮುಡಿಪು.

‘ಸ್ಕಿಲ್’, ‘ವಿಟ್’ ಬಗ್ಗೆ. ಇಂಗ್ಲಿಷಿನಲ್ಲಿ ಎರಡೂ ದಿನಬಳಕೆಯ ಪದಗಳು, ದೊಡ್ಡಕ್ಷರ ಹಾಕಿ ಅವನ್ನು ಮಾಂತ್ರಿಕವಾಗಿಸಿದ್ದಾರೆ. ನಮಗೆ ದೊಡ್ಡಕ್ಷರವಿಲ್ಲ. ‘ಕೌಶಲ’ ಎಂದರೆ ತರಬೇತಿ ಕೇಂದ್ರದ ಬೋರ್ಡಾಗುತ್ತದೆ. ಆದ್ದರಿಂದ ಗುರುತಿರುವ, ಆದರೆ ಒಂಟಿಯಾಗಿ ಹೆಚ್ಚು ಬಳಸದ ಪದ ಹಿಡಿಯಬೇಕು. ಸ್ಕಿಲ್‌ಗೆ ‘ಚಳಕ’, ಕೈಚಳಕದಿಂದ ಕೈ ಬಿಟ್ಟರೆ ಮನಸ್ಸಿಂದ ಮನಸ್ಸಿಗೆ ಹಾಯುವ ವಿದ್ಯೆಗೆ ಜಾಗವಾಗುತ್ತದೆ. ಪ್ರಾಣಿಗಳೊಡನೆ ಬೆಸೆಯುವ ವಿಟ್‌ಗೆ ‘ಅರಿವು’ ಎಂದರೆ ವಚನಗಳು ಅಡ್ಡ ನಿಲ್ಲುತ್ತವೆ, ‘ಒಡನರಿವು’ ನೋಡಿ. ಅದನ್ನು ಹೇಸುವ ಜನರ ಬಾಯಲ್ಲಿ ಮಾತ್ರ ‘ಮಾಟ’ ಎಂದು ಇಡಿ. ಅಲ್ಲಿ ಬೈಗುಳವೇ ಬೇಕು.

ರಾಜಾಜಿನಗರ:

ಕಾದಂಬರಿಯಲ್ಲಿ ಬರುವ ಡ್ಯೂಕ್‌ಗೆ ‘ನಾಡೊಡೆಯ’ ಇಡಿ. ‘ನಾಡಪ್ರಭು’ ಎಂದರೆ ಈ ಊರಲ್ಲಿ ಕೆಂಪೇಗೌಡರೊಬ್ಬರೇ.

ಬಸವನಗುಡಿ:

ಇದನ್ನು ಒಪ್ಪುತ್ತೇನೆ. ಮುಡಿಪನ್ನೂ, ಒಲ್ಲದ ಮನಸ್ಸಿನಿಂದ.

ಚಾಮರಾಜಪೇಟೆ:

ಅಚ್ಚಿನ ಬಗ್ಗೆ ಮಾತ್ರ ಹೇಳುತ್ತೇನೆ. ಸುಲ್ತಾನ್‌ಪೇಟೆಯಲ್ಲಿ ಅನೇಕ ಕಡೆ ಪುಟ ಜೋಡಿಸಲು ಇನ್ನೂ ಹಳೆಯ ಪೇಜ್‌ಮೇಕರ್, ‘ನುಡಿ’ ತಂತ್ರಾಂಶದ ಹಳೆ ಫಾಂಟು. ಯೂನಿಕೋಡ್ ಪಠ್ಯ ಅಂಟಿಸಿದರೆ ಚೌಕಗಳು ಬರುತ್ತವೆ. ಅವರು ಪರಿವರ್ತಕಕ್ಕೆ ಹಾಕಿದರೆ ಅರ್ಕಾವೊತ್ತು ಜಾಗ ತಪ್ಪುತ್ತದೆ, ‘ಇನ್‌ವೇಟಿಂಗ್’ ಥರದ ಪದಗಳಲ್ಲಿ ನಕಾರಕ್ಕೆ ವಕಾರ ಒತ್ತಾಗಿ ಸೇರಿಕೊಳ್ಳುತ್ತದೆ. ಪಠ್ಯ ಕಳಿಸಬೇಡಿ. ನೀವೇ ಜೋಡಿಸಿ, ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿ, ಪಿಡಿಎಫ್ ಕೊಡಿ. ಬ್ಯಾನರು ಎರಡು ಸಾಲಾದರೆ ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇರಲಿ. ಮೇಲಿನ ಸಾಲಿನ ‘ಬೆಟ್ಟದ’ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಕತ್ತರಿಸಿಹೋಗುವುದು ಅಲ್ಲೇ. ತೀರಾ ದಪ್ಪ ಅಚ್ಚು ಬೇಡ. ಬಟ್ಟೆಯಲ್ಲಿ ಶಾಯಿ ಹರಡಿ ‘ಪು’ ಹೋಗಿ ‘ವು’ ಆಗಿ, ‘ಮುಡಿವು’ ಎಂದು ಓದಿಸುತ್ತದೆ.

ಜಯನಗರ:

ಎರಡು ಸಾಲು ಮಾಡಿದೆ, ‘ಮುಡಿಪು’ ಕೆಳಗಿನ ಸಾಲಿನಲ್ಲಿ ಒಂದೇ ಇದೆ, ನಡುದಪ್ಪದ ಅಚ್ಚು. ಕೈಹೊತ್ತಿಗೆಯಲ್ಲಿ ಯುವರಾಜ ವೆರಿಟಿ, ರಾಜಕುಮಾರ ರೀಗಲ್, ಚಳಕ, ಒಡನರಿವು, ನಾಡೊಡೆಯ. ಪಿಡಿಎಫ್ ಹೋಯಿತು.

ರಾಜಾಜಿನಗರ:

‘ಅರಸ’ದ ಮಾತು ಮುಗಿದಿಲ್ಲ.

ಮಲ್ಲೇಶ್ವರ:

ಅದಕ್ಕೆ ಬೇರೆ ಎಳೆ ತೆರೆಯಿರಿ.