ಸಹಾಯ ಬೇಕು: ಹೆಂಡತಿಯ ಶುಗರ್ ಸ್ಟ್ರಿಪ್ ಬಗ್ಗೆ, ಬದಿಯಡ್ಕ ಕಡೆಯವರು ನೋಡಿ

ನನ್ನ ಹೆಂಡತಿಗೆ ಟೈಪ್ 1 ಸಕ್ಕರೆ ಕಾಯಿಲೆ. ದಿನಕ್ಕೆ 4 ಸಲ ಇನ್ಸುಲಿನ್, ಒಂದು ಹೊತ್ತೂ ತಪ್ಪಿಸುವಂತಿಲ್ಲ. ಈ ಸಲ ಅಡಿಕೆಗೆ ಕೊಳೆರೋಗ ಬಂದು ಕೈ ಪೂರಾ ಖಾಲಿ. ಇನ್ಸುಲಿನ್ ಹೇಗೋ ತರುತ್ತಿದ್ದೇನೆ, ಸೋಲುತ್ತಿರುವುದು ಮೀಟರಿಗೆ ಹಾಕಿ ರಕ್ತದ ಸಕ್ಕರೆ ನೋಡುವ ಸ್ಟ್ರಿಪ್ಪಿಗೆ. 50ರ ಡಬ್ಬಿ ಎರಡು ವಾರವೂ ಬರುವುದಿಲ್ಲ. ಉಳಿಸಲೆಂದು ಅವಳು ನನಗೆ ಹೇಳದೆ ರಾತ್ರಿಯ ಪರೀಕ್ಷೆ ಬಿಟ್ಟಿದ್ದಳು. ಮೊನ್ನೆ ನಸುಕಿಗೆ ಮೈಯೆಲ್ಲ ಬೆವರಿ ನಡುಗುತ್ತಿದ್ದಳು, ನೋಡಿದರೆ ಶುಗರ್ 48ಕ್ಕೆ ಇಳಿದಿತ್ತು! ಸಕ್ಕರೆ ನೀರು ಕುಡಿಸಿ, ಬೆಳಗಾಗುವವರೆಗೆ ಕೈ ಹಿಡಿದು ಕೂತೆ.

ಕಾಸರಗೋಡಿನಲ್ಲೋ ಮಂಗಳೂರಿನ ಜನೌಷಧಿಯಲ್ಲೋ ಸ್ಟ್ರಿಪ್ ಕಡಿಮೆಗೆ ಸಿಗುತ್ತದೆಯೇ? ಒಂದು ಮೀಟರಿಗೆ ಇನ್ನೊಂದರ ಸ್ಟ್ರಿಪ್ ಆಗುವುದಿಲ್ಲ, ಹಾಗಾಗಿ ಯಾರಲ್ಲಾದರೂ ಬಳಸದ ಮೀಟರ್ ಇದ್ದರೂ ತಿಳಿಸಿ. ಸಹಾಯಧನದ ಅರ್ಜಿ ಮಲಯಾಳದಲ್ಲಿದೆ, ನನಗೆ ಓದಲು ಬಾರದು. ತುಂಬಿಸಿಕೊಡುವವರಿದ್ದರೆ ನಾನೇ ಬರುತ್ತೇನೆ, ಯಾವ ಹೊತ್ತಾದರೂ ಸರಿ. ಮನೆಯಲ್ಲಿ ಉಳಿದಿರುವುದು 9 ಸ್ಟ್ರಿಪ್.