ಮಿಯೂ ಮಿನಿ ಪ್ಲಸ್: ಹೊಸ ಕಾರ್ಡ್ ಹಾಕಿದರೆ ಲೋಗೋದಲ್ಲೇ ನಿಲ್ಲುತ್ತದೆ, ಗೇಮ್ ಹೇಗೆ ತುಂಬಿಸಬೇಕು?

ವರದಾ ತೀರದವನು (ಹಾವೇರಿ)

ಎಲ್ಲರಿಗೂ ನಮಸ್ಕಾರ. ಹಳೇ ವಿಡಿಯೋ ಗೇಮ್ ಆಡುವ ಮಿಯೂ ಮಿನಿ ಪ್ಲಸ್ ಅನ್ನುವ ಕೈಗೇಮ್ ತಗೊಂಡು ಸ್ವಲ್ಪ ಕಾಲವಾಯಿತು. ಡಬ್ಬಿಯಲ್ಲೇ ಬಂದ 64 ಜಿಬಿ ಕಾರ್ಡ್‌ನಲ್ಲಿ ಸಾವಿರಾರು ಗೇಮ್ ಇದ್ದವು. ಈಗ ಅದು ಕೈಕೊಡುತ್ತಿದೆ. ಆಡುತ್ತಿರುವಾಗಲೇ ಪರದೆ ಕಪ್ಪಾಗುತ್ತದೆ. ಕೆಲವು ಗೇಮ್ ಒತ್ತಿದರೆ ತೆರೆಯುವುದೇ ಇಲ್ಲ, ಪಟ್ಟಿಗೇ ವಾಪಸ್ ಬರುತ್ತದೆ. ಕಾರ್ಡ್ ಮೇಲೆ ಕಂಪನಿ ಹೆಸರೂ ಇಲ್ಲ.

ಹೊಸದಾಗಿ 128 ಜಿಬಿ ಕಾರ್ಡ್ ತಂದೆ. ಹಳೆಯದರಲ್ಲಿ ಇದ್ದದ್ದನ್ನೆಲ್ಲ ಲ್ಯಾಪ್‌ಟಾಪ್‌ನಲ್ಲಿ (ವಿಂಡೋಸ್ 11) ಕಾಪಿ ಮಾಡಿ ಇದಕ್ಕೆ ಹಾಕಿದೆ. ರಾತ್ರಿ ಊಟಕ್ಕೆ ಕೂರುವಾಗ ಶುರು ಮಾಡಿದ್ದು, ಮಲಗುವ ಹೊತ್ತಿಗೂ ಮುಗಿದಿರಲಿಲ್ಲ. ಬೆಳಿಗ್ಗೆ ಹಾಕಿ ನೋಡಿದರೆ ಮಿಯೂ ಲೋಗೋ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಹಳೇ ಕಾರ್ಡ್ ಹಾಕಿದರೆ ಮಾತ್ರ ಆನ್ ಆಗುತ್ತದೆ.

ಇನ್ನೂ ಒಂದಿಷ್ಟು ಕೇಳುವುದಿದೆ. ಮುಸ್ತಫಾ ಗೇಮಿನ ಝಿಪ್ ಫೈಲ್ ಬಿಚ್ಚಿ ಹಾಕಿದೆ, ಪಟ್ಟಿಯಲ್ಲಿ ಕಾಣಿಸುತ್ತಿಲ್ಲ. ಪಿಎಸ್ (ಪ್ಲೇಸ್ಟೇಷನ್) ಗೇಮ್‌ಗಳು ಒಂದೇ ಹೆಸರಲ್ಲಿ ಎರಡೆರಡು ಸಲ ಬರುತ್ತವೆ. ಇನ್ನು, ಸೋದರಮಾವ ಮಸ್ಕತ್‌ನಲ್ಲಿ ಇದ್ದಾಗ ತಂದುಕೊಟ್ಟ ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್‌ಗಳು ಇವೆ. ಗೇಮ್ ಬಾಯ್ ಕೆಟ್ಟು ಮೂಲೆ ಸೇರಿದೆ. ಕ್ಯಾಸೆಟ್‌ನಲ್ಲಿ ಇರುವ ಪೋಕೆಮಾನ್ ಸಫೈರ್ ಆಟವನ್ನು ಸೇವ್ ಸಮೇತ ಮಿಯೂಗೆ ತರಲು ಆಗುತ್ತದಾ? ಅಕ್ಕನ ಮಗ ಬೇಸಿಗೆ ರಜೆಗೆ ಬರುತ್ತಾನೆ, ಅಷ್ಟರಲ್ಲಿ ಸರಿ ಮಾಡಿ ಇಡಬೇಕು.

ಕ್ಯಾಸೆಟ್ ಕಿಟ್ಟಿ (ಶಿವಮೊಗ್ಗ)

ಮಿಯೂ ಮೇಲೆ ಅನುಮಾನ ಬೇಡ. ಹಳೇ ಕಾರ್ಡಿಗೆ ಆನ್ ಆಗುತ್ತಿದೆಯಲ್ಲ, ಅದು ಚೆನ್ನಾಗಿಯೇ ಇದೆ. ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಇಂಥ ಕೈಗೇಮ್‌ಗಳು ಆಗಾಗ ಬರುತ್ತವೆ. ಹೆಚ್ಚಿನವರು ‘ಕೆಟ್ಟುಹೋಗಿದೆ’ ಅಂತಲೇ ತರುತ್ತಾರೆ. ಬಿಚ್ಚುವ ಕೆಲಸವೇ ಇರುವುದಿಲ್ಲ, ತಕರಾರು ಕಾರ್ಡಿನದ್ದಾಗಿರುತ್ತದೆ.

64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಕಾರ್ಡ್‌ಗಳು ಅಂಗಡಿಯಿಂದ ಬರುವಾಗಲೇ ಎಕ್ಸ್‌ಫ್ಯಾಟ್ ಆಗಿರುತ್ತವೆ. ಮಿಯೂಗೆ ಬೇಕಿರುವುದು ಫ್ಯಾಟ್32. ಎರಡೂ ಕಾರ್ಡಿನಲ್ಲಿ ಫೈಲ್ ಜೋಡಿಸಿಡುವ ಬೇರೆ ಬೇರೆ ಪದ್ಧತಿಗಳು. ಕಾರ್ಡ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಫೈಲ್ ಸಿಸ್ಟಮ್ ಅನ್ನುವ ಕಡೆ ಬರೆದಿರುತ್ತದೆ. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಸಾಮಾನ್ಯವಾಗಿ ಸಿಗುವುದೇ ಇಲ್ಲ. ಎಸ್‌ಡಿ ಕಾರ್ಡ್ ಫಾರ್ಮ್ಯಾಟರ್ ಅಂತ ಒಂದು ಅಧಿಕೃತ ಸಾಫ್ಟ್‌ವೇರ್ ಇದೆ, ತುಂಬ ಜನ ಅದನ್ನೇ ಹೇಳುತ್ತಾರೆ. ಒಳ್ಳೆಯದೇ, ಆದರೆ ಅದೂ ಈ ಗಾತ್ರಕ್ಕೆ ಎಕ್ಸ್‌ಫ್ಯಾಟ್ ಮಾಡಿ ಕೂರಿಸುತ್ತದೆ. ರೂಫಸ್ ಅನ್ನುವ ಸಾಫ್ಟ್‌ವೇರ್ ಬಳಸಿ. ಬೂಟ್ ಸೆಲೆಕ್ಷನ್‌ನಲ್ಲಿ ನಾನ್ ಬೂಟಬಲ್, ಪಾರ್ಟಿಶನ್ ಎಂಬಿಆರ್, ಫೈಲ್ ಸಿಸ್ಟಮ್ ಲಾರ್ಜ್ ಫ್ಯಾಟ್32, ಕ್ಲಸ್ಟರ್ 32 ಕೆಬಿ. ಸ್ಟಾರ್ಟ್ ಒತ್ತುವ ಮುಂಚೆ ಮೇಲೆ ಯಾವ ಡ್ರೈವ್ ಇದೆ ಅಂತ ಒಮ್ಮೆ ಕಣ್ಣಾಡಿಸಿ. ಪಕ್ಕದಲ್ಲಿ ಫೋಟೋ ತುಂಬಿದ ಪೆನ್‌ಡ್ರೈವ್ ಇದ್ದರೆ ಮೊದಲು ಕಿತ್ತಿಡಿ.

ಅದಕ್ಕೂ ಮುಂಚೆ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. ಅದು ಕಾರ್ಡ್ ಪೂರ್ತಿ ಬರೆದು, ಬರೆದದ್ದನ್ನೇ ಓದಿ ತಾಳೆ ನೋಡುತ್ತದೆ. 128 ಅಂತ ತೋರಿಸಿ ಒಳಗೆ 16 ಇರುವ ಡೂಪ್ಲಿಕೇಟ್ ಕಾರ್ಡ್‌ಗಳು ಮಾರ್ಕೆಟ್‌ನಲ್ಲಿ ಬೇಕಾದಷ್ಟಿವೆ. ಅಂಥದ್ದರಲ್ಲಿ ಕಾಪಿ ಆಗುವಾಗ ಏನೂ ಗೊತ್ತಾಗುವುದಿಲ್ಲ. ಆಡಲು ಹೋದಾಗ ಗೊತ್ತಾಗುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಬಿಟ್ಟು ಬೇರೆ ಕೆಲಸ ನೋಡಿ.

ಹಳೇ ಕಾರ್ಡನ್ನು ಇನ್ನು ಮಿಯೂಗೆ ಹಾಕಬೇಡಿ. ಸಾಯುತ್ತಿರುವ ಕಾರ್ಡ್ ಅದು, ಬಳಸಿದಷ್ಟೂ ಜಾಸ್ತಿ ಹಾಳಾಗುತ್ತದೆ. ಅದರಲ್ಲಿ ಇರುವುದನ್ನು ಲ್ಯಾಪ್‌ಟಾಪ್‌ನ ಒಂದು ಫೋಲ್ಡರ್‌ಗೆ ಇಳಿಸಿ. ಸೇವ್ ಎಲ್ಲಿದೆ ಅಂತ ಹುಡುಕುತ್ತಾ ಕೂರಬೇಕಿಲ್ಲ, ಎಸ್‌ಆರ್‌ಎಂ ಅಂತ ಕೊನೆಯಾಗುವ ಫೈಲ್‌ಗಳನ್ನು ಸರ್ಚ್ ಮಾಡಿ. ಆಟದ ಒಳಗಿನ ಮೆನುವಿನಿಂದ ಮಾಡಿದ ಸೇವ್ ಅದೇ. ಸ್ಟೇಟ್ ಅಂತ ಇರುವವು ಬೇರೆ, ಎಮ್ಯುಲೇಟರ್‌ನ (ಹಳೇ ಮೆಷಿನ್‌ನಂತೆ ನಟಿಸಿ ಗೇಮ್ ಓಡಿಸುವ ಸಾಫ್ಟ್‌ವೇರ್) ಆ ಕ್ಷಣದ ಪಡಿಯಚ್ಚು. ಎಮ್ಯುಲೇಟರ್ ಬದಲಾದರೆ, ಕೆಲವು ಸಲ ಅದರ ಆವೃತ್ತಿ ಬದಲಾದರೂ, ಅವು ತೆರೆಯುವುದಿಲ್ಲ. ಎಸ್‌ಆರ್‌ಎಂ ಇದ್ದರೆ ಆಟ ಉಳಿಯಿತು ಅಂತ ಇಟ್ಟುಕೊಳ್ಳಿ.

ಹೊಸ ಕಾರ್ಡಿಗೆ ಹಳೇ ಸಿಸ್ಟಮ್ ಹಾಕಬೇಡಿ, ಅದರ ಬದಲು ಆನಿಯನ್ ಅನ್ನುವ ಸಿಸ್ಟಮ್ ಹಾಕಿ. ಗಿಟ್‌ಹಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಝಿಪ್ ಬಿಚ್ಚಿ, ಒಳಗಿರುವುದನ್ನು ನೇರ ಕಾರ್ಡಿಗೆ ಸುರಿಯಿರಿ. ‘ಆನಿಯನ್’ ಅನ್ನುವ ಫೋಲ್ಡರ್ ಸಮೇತ ಹಾಕಿದರೆ ಮತ್ತೆ ಲೋಗೋದಲ್ಲೇ ನಿಲ್ಲುತ್ತದೆ. ಚಾರ್ಜ್ ಪೂರ್ತಿ ಇರಲಿ. ಮೊದಲ ಸಲ ಆನ್ ಮಾಡಿದಾಗ ಅದೇ ತನ್ನನ್ನು ಇನ್‌ಸ್ಟಾಲ್ ಮಾಡಿಕೊಂಡು, ಯಾವ್ಯಾವ ಎಮ್ಯುಲೇಟರ್ ಬೇಕು ಅಂತ ಕೇಳುತ್ತದೆ.

ಆಮೇಲೆ ರೋಮ್ಸ್ ಫೋಲ್ಡರ್, ಗೇಮ್ ಫೈಲ್‌ಗಳು ಹೋಗುವುದು ಅಲ್ಲಿಗೆ. ಅದರ ಒಳಗೆ ಎಫ್‌ಸಿ, ಎಸ್‌ಎಫ್‌ಸಿ, ಜಿಬಿಎ, ಎಂಡಿ, ಪಿಎಸ್ ಹೀಗೆ ಮೆಷಿನ್‌ಗೊಂದು ಫೋಲ್ಡರ್ ಇರುತ್ತದೆ. ನಾವು ಚಿಕ್ಕವರಿದ್ದಾಗ ಟಿವಿ ಗೇಮ್ ಅಂತ ಆಡುತ್ತಿದ್ದೆವಲ್ಲ, ಕಾಂಟ್ರಾ, ಟ್ಯಾಂಕ್, ಅವೆಲ್ಲ ಎಫ್‌ಸಿಗೆ. ಫೋಲ್ಡರ್ ಹೆಸರು ಬದಲಿಸಬೇಡಿ. ಹಾಕಿದ್ದು ಕಾಣದಿದ್ದರೆ ಗೇಮ್ ಪಟ್ಟಿಯಲ್ಲಿ ಸೆಲೆಕ್ಟ್ ಒತ್ತಿ ರಿಫ್ರೆಶ್ ಕೊಡಿ.

ಜಾಗದ ಚಿಂತೆ ಬೇಡ. 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಆಟ 40 ಕೆಬಿ. ವಾಟ್ಸಾಪ್‌ನಲ್ಲಿ ಬರುವ ಶುಭೋದಯದ ಫೋಟೋ ಅದಕ್ಕಿಂತ ದೊಡ್ಡದು. ಜಾಗ ತಿನ್ನುವುದು ಪಿಎಸ್ ಮಾತ್ರ, ಒಂದು ಸಿಡಿ ಅಂದರೆ 700 ಎಂಬಿವರೆಗೂ ಹೋಗುತ್ತದೆ. ನಿಮಗೆ ರಾತ್ರಿಯೆಲ್ಲ ಹಿಡಿದದ್ದು ಗಾತ್ರಕ್ಕಲ್ಲ, ಚಿಲ್ಲರೆ ಫೈಲ್‌ಗಳ ಸಂಖ್ಯೆಗೆ.

ಮುಸ್ತಫಾ ವಿಷಯ: ಝಿಪ್ ಬಿಚ್ಚಲೇಬಾರದು. ಆರ್ಕೇಡ್ ಗೇಮ್ (ಕಾಸು ಹಾಕಿ ಆಡುವ ದೊಡ್ಡ ಮೆಷಿನ್‌ದು) ಅಂದರೆ ಆ ಮೆಷಿನ್ ಬೋರ್ಡಿನ ಒಂದೊಂದು ಚಿಪ್ಪಿಗೆ ಒಂದೊಂದು ಫೈಲ್. ಆ ಕಟ್ಟು ಹಾಗೇ ಇರಬೇಕು. ಅದರ ಹೆಸರನ್ನೂ ಮುಟ್ಟಬೇಡಿ. ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್, 1993. ಝಿಪ್ ಹೆಸರು ಬರೀ ‘ಡಿನೋ’. ಎಮ್ಯುಲೇಟರ್ ಗುರುತು ಹಿಡಿಯುವುದೇ ಆ ಹೆಸರಿಂದ, ‘ಮುಸ್ತಫಾ’ ಅಂತ ಬದಲಿಸಿದರೆ ಅದಕ್ಕೆ ತಿಳಿಯುವುದಿಲ್ಲ. ಜೊತೆಗೆ ಸೆಟ್ ಕೂಡ ಹೊಂದಬೇಕು, ಅಂದರೆ ಝಿಪ್ ನಿಮ್ಮ ಎಮ್ಯುಲೇಟರ್‌ನ ಆವೃತ್ತಿಗೆ ಅಂತಲೇ ಮಾಡಿದ್ದಾಗಿರಬೇಕು. ಮೇಮ್ 2003 ಪ್ಲಸ್ ಅನ್ನುವ ಎಮ್ಯುಲೇಟರ್ ಹಳೇ ಮೇಮ್ 0.78 ಮೇಲೆ ಕಟ್ಟಿದ್ದು. ಈಗಿನ ಮೇಮ್‌ಗೆ ಅಂತ ಮಾಡಿದ ಝಿಪ್ ಅದರಲ್ಲಿ ಓಡದೇ ಇರಬಹುದು.

ಬಸವನಗುಡಿ ಬಾಯ್

ಇಷ್ಟೆಲ್ಲ ಯಾಕೆ ಗುರು? ಹತ್ತು ಸಾವಿರ ಗೇಮ್ ತುಂಬಿದ ಕಾರ್ಡೇ ಆನ್‌ಲೈನ್‌ನಲ್ಲಿ ಸಿಗುತ್ತದೆ. ತಗೊಂಡು ಸಿಕ್ಕಿಸಿದರೆ ಮುಗಿಯಿತು.

ಕ್ಯಾಸೆಟ್ ಕಿಟ್ಟಿ (ಶಿವಮೊಗ್ಗ)

ಸಿಗುತ್ತದೆ. ಇವರ ಕೈಯಲ್ಲಿ ಸಾಯುತ್ತಿರುವುದೂ ಅಂಥದ್ದೇ ಕಾರ್ಡ್ ಅಲ್ವಾ? ಆ ದುಡ್ಡಿನಲ್ಲಿ ಒಳ್ಳೇ ಕಾರ್ಡ್ ಹಾಕಿ ಕೊಟ್ಟರೆ ಮಾರುವವನಿಗೆ ಏನು ಉಳಿಯುತ್ತದೆ? ಹತ್ತು ಸಾವಿರ ಅನ್ನುವುದೂ ಹಳೇ ‘9999 ಇನ್ 1’ ಕ್ಯಾಸೆಟ್ ಲೆಕ್ಕವೇ. ಒಂದೇ ಆಟ, ಜಪಾನ್‌ದು ಒಂದು ಸಲ, ಅಮೆರಿಕದ್ದು ಒಂದು ಸಲ, ಯುರೋಪ್‌ದು ಇನ್ನೊಂದು ಸಲ. ಸ್ಕ್ರೋಲ್ ಮಾಡುವುದರಲ್ಲೇ ಹೊತ್ತು ಹೋಗುತ್ತದೆ, ಆಡುವುದು ಯಾವಾಗ? ಮೂವತ್ತು ಆಟ ಆರಿಸಿ ಹಾಕಿ ಹುಡುಗನ ಕೈಗೆ ಕೊಡಿ, ಮೂವತ್ತನ್ನೂ ಆಡುತ್ತಾನೆ. ಇನ್ನು, ಕಾಪಿರೈಟ್ ಇರುವ ಆಟಗಳನ್ನು ತುಂಬಿ ಮಾರುವುದು ಕಾನೂನಿಗೂ ಒಪ್ಪುವ ವ್ಯಾಪಾರ ಅಲ್ಲ. ನನ್ನ ಅಂಗಡಿಯಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡಿ, ಆನಿಯನ್ ಹಾಕಿ ಕೊಡುತ್ತೇನೆ. ಗೇಮ್ ನೀವೇ ತರಬೇಕು ಅಂತ ಬೋರ್ಡ್ ಹಾಕಿದ್ದೇನೆ. ಬೈಯುವವರು ಬೈಯುತ್ತಾರೆ.

ಕುಕ್ಕರಹಳ್ಳಿ ಕೆರೆ (ಮೈಸೂರು)

ಕ್ಯಾಸೆಟ್ ಬಗ್ಗೆ ನಾನು ಹೇಳುತ್ತೇನೆ, ನನ್ನದೂ ಅದೇ ಹುಚ್ಚು.

ಆಗುತ್ತದೆ. ಜಿಬಿ ಆಪರೇಟರ್, ಜಿಬಿಎಕ್ಸ್‌ಕಾರ್ಟ್ ಅಂತ ಯುಎಸ್‌ಬಿಗೆ ಸಿಕ್ಕಿಸುವ ಸಾಧನಗಳಿವೆ. ಕ್ಯಾಸೆಟ್ ಅದರಲ್ಲಿ ಕೂರಿಸಿದರೆ ಆಟ ಒಂದು ಫೈಲ್, ಸೇವ್ ಒಂದು ಫೈಲ್ ಆಗಿ ಕಂಪ್ಯೂಟರ್‌ಗೆ ಇಳಿಯುತ್ತದೆ. ಸಫೈರ್ ಆದರೆ ಆಟ 16 ಎಂಬಿ, ಸೇವ್ 128 ಕೆಬಿ. ನಮ್ಮದೇ ಕ್ಯಾಸೆಟ್, ನಮ್ಮದೇ ಸೇವ್, ಎಲ್ಲಿಂದಲೋ ಇಳಿಸಿಕೊಳ್ಳುವ ಗೋಜಿಲ್ಲ. ಸಾಧನದ ಬೆಲೆ ಮಿಯೂ ಬೆಲೆಗೆ ಹತ್ತಿರ ಹತ್ತಿರ ಹೋಗಬಹುದು, ಅದಕ್ಕೇ ಇಬ್ಬರು ಮೂವರು ಸೇರಿ ತರಿಸುವುದು ವಾಸಿ.

ಮೊದಲು ಕ್ಯಾಸೆಟ್ ಅಸಲಿಯೇ ನೋಡಿ. ಸಫೈರ್‌ನ ಅಸಲಿ ಕವಚ ನೀಲಿ, ಬೆಳಕು ಹಾಯುವಂಥದ್ದು. ಕೆಳಗಿನ ಬಾಯಲ್ಲಿ, ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಬೋರ್ಡಿನ ಅಂಚಿನಲ್ಲಿ ನಿಂಟೆಂಡೋ ಅಂತ ಸಣ್ಣಗೆ ಅಚ್ಚಾಗಿರುತ್ತದೆ. ಟಾರ್ಚ್ ಹಿಡಿದು ನೋಡಿದರೆ ಕಾಣುತ್ತದೆ. ಡೂಪ್ಲಿಕೇಟ್ ಆದರೆ ಸೇವ್ ಸರಿಯಾಗಿ ಇಳಿಯುತ್ತದೆ ಅನ್ನುವ ಭರವಸೆ ಇಲ್ಲ.

ಆ ಪಟ್ಟಿಗಳಿಗೆ ಉಫ್ ಅಂತ ಊದಬೇಡಿ. ನಾವೆಲ್ಲ ಊದಿದವರೇ, ಆದರೆ ಎಂಜಲಿನ ತೇವಕ್ಕೆ ಲೋಹ ಕಪ್ಪಾಗುತ್ತದೆ. ಕಿವಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಸಿಕ್ಕಿಸಿ.

ಸಫೈರ್ ಆನ್ ಮಾಡಿದಾಗ ಒಳಗಿನ ಬ್ಯಾಟರಿ ಮುಗಿದಿದೆ ಅಂತ ಬಂದರೆ ಗಾಬರಿ ಬೇಡ. ಆ ಬ್ಯಾಟರಿ ಗಡಿಯಾರಕ್ಕೆ ಮಾತ್ರ. ಸೇವ್ ಇರುವುದು ಫ್ಲ್ಯಾಶ್ ಚಿಪ್‌ನಲ್ಲಿ, ಅದು ಹಾಗೇ ಇರುತ್ತದೆ. ಹಳೇ ಗೇಮ್ ಬಾಯ್‌ನ ರೆಡ್, ಬ್ಲೂ, ಗೋಲ್ಡ್ ಹಾಗಲ್ಲ. ಅವುಗಳಲ್ಲಿ ಬ್ಯಾಟರಿ ಸತ್ತರೆ ಸೇವೂ ಹೋಯಿತು. ಅಂಥವು ನಿಮ್ಮಲ್ಲಿದ್ದರೆ ಮೊದಲು ಅವನ್ನು ಇಳಿಸಿ.

ಇಳಿಸಿದ ಸೇವ್ ಎಸ್‌ಎವಿ ಅಂತ ಇರುತ್ತದೆ, ಮಿಯೂಗೆ ಎಸ್‌ಆರ್‌ಎಂ ಬೇಕು. ಆಟವನ್ನು ಒಮ್ಮೆ ಮಿಯೂನಲ್ಲಿ ಶುರು ಮಾಡಿ, ಆಟದ ಒಳಗೇ ಒಂದು ಸೇವ್ ಮಾಡಿ, ಹೊರಗೆ ಬನ್ನಿ. ಕಾರ್ಡಿನ ಸೇವ್ಸ್ ಫೋಲ್ಡರ್‌ನಲ್ಲಿ ಹೊಸ ಎಸ್‌ಆರ್‌ಎಂ ಹುಟ್ಟಿರುತ್ತದೆ. ಅದರ ಹೆಸರನ್ನೇ ನಿಮ್ಮ ಸೇವ್‌ಗೆ ಇಟ್ಟು, ಅದರ ಜಾಗದಲ್ಲಿ ಹಾಕಿ. ಹೆಸರಿನಲ್ಲಿ ಒಂದು ಸ್ಪೇಸ್ ವ್ಯತ್ಯಾಸ ಆದರೂ ಹೊಸ ಆಟವೇ ಶುರುವಾಗುತ್ತದೆ.

ಮ್ಯಾಕ್ ಇರುವವರಿಗೆ ಒಂದು ಮಾತು. ಆನಿಯನ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಒಂದು ಫೋಲ್ಡರ್ ಇದೆ, ಮ್ಯಾಕ್ ಅದನ್ನು ಮರೆಮಾಡುತ್ತದೆ. ಕಮಾಂಡ್, ಶಿಫ್ಟ್, ಚುಕ್ಕಿ ಒಟ್ಟಿಗೆ ಒತ್ತಿದರೆ ಕಾಣುತ್ತದೆ. ಅದು ಬಿಟ್ಟುಹೋದರೆ ಇನ್‌ಸ್ಟಾಲ್ ಶುರುವೇ ಆಗುವುದಿಲ್ಲ.

ಹುಡುಗನಿಗೆ ಬೇರೆ ಆಟ ಬೇಕಿದ್ದರೆ, ಮಾಡಿದವರೇ ಪುಕ್ಕಟೆ ಕೊಟ್ಟಿರುವ ಹೊಸ ಆಟಗಳೂ ಇವೆ. ಗೇಮ್ ಬಾಯ್‌ಗೆ ಟೋಬು ಟೋಬು ಗರ್ಲ್, ಹಾರಿ ಹಾರಿ ಮೇಲೇರುವ ಆಟ. ಗೇಮ್ ಬಾಯ್ ಕಲರ್‌ಗೆ ಮೈಕ್ರೋಸಿಟಿ, ಊರು ಕಟ್ಟುವ ಆಟ. ನನ್ನ ಓಟು ಎರಡನೆಯದಕ್ಕೆ.

ವರದಾ ತೀರದವನು (ಹಾವೇರಿ)

ಕಿಟ್ಟಿ ಅಣ್ಣ, ನೀವು ಹೇಳಿದ್ದೇ ಸರಿ, ಎಕ್ಸ್‌ಫ್ಯಾಟ್ ಇತ್ತು. ಎಚ್2ಟೆಸ್ಟ್‌ಡಬ್ಲ್ಯೂನಲ್ಲಿ ಕಾರ್ಡ್ ಪಾಸ್. ರೂಫಸ್‌ನಲ್ಲಿ ಫ್ಯಾಟ್32 ಮಾಡಿ ಆನಿಯನ್ ಹಾಕಿದೆ, ಆನ್ ಆಯಿತು. ಮುಸ್ತಫಾನೂ ಬಂದ.

ಮೇಡಂ, ಟಾರ್ಚ್ ಹಿಡಿದು ನೋಡಿದೆ. ಸಫೈರ್ ಅಸಲಿ, ಉಳಿದವುಗಳಲ್ಲಿ ಒಂದರಲ್ಲಿ ಆ ಅಚ್ಚು ಇಲ್ಲ. ಹುಬ್ಬಳ್ಳಿಯ ಗೆಳೆಯನೊಬ್ಬ ಜಿಬಿ ಆಪರೇಟರ್ ತರಿಸುತ್ತಿದ್ದಾನಂತೆ, ಅವನ ಹತ್ತಿರ ಹೋಗುತ್ತೇನೆ.

ಪಿಎಸ್ ಗೇಮ್ ಎರಡೆರಡು ಸಲ ಬರುವುದು ಮಾತ್ರ ಹಾಗೇ ಇದೆ. ಫೈನಲ್ ಫ್ಯಾಂಟಸಿ 7 ನನ್ನ ಹತ್ತಿರ ಸಿಡಿಯಲ್ಲೇ ಇದೆ, ಮೂರು ಸಿಡಿ. ಅದನ್ನು ಹಾಕುವುದು ಹೇಗೆ?

ಕ್ಯಾಸೆಟ್ ಕಿಟ್ಟಿ (ಶಿವಮೊಗ್ಗ)

ಬಿನ್ ಮತ್ತು ಕ್ಯೂ ಎರಡೂ ಪಟ್ಟಿಗೆ ಬರುತ್ತಿವೆ, ಅಷ್ಟೇ. ಬಿನ್‌ನಲ್ಲಿ ಸಿಡಿಯ ಮಾಲು ಇರುತ್ತದೆ. ಕ್ಯೂ ಅನ್ನುವುದು ನೋಟ್‌ಪ್ಯಾಡ್‌ನಲ್ಲಿ ತೆರೆಯುವ ನಾಲ್ಕು ಸಾಲಿನ ಚೀಟಿ, ಯಾವ ಬಿನ್, ಯಾವ ಟ್ರ್ಯಾಕ್ ಅಂತ. ಅದಕ್ಕೇ ಬಿನ್ ಹೆಸರು ಬದಲಿಸಿದರೆ ಕ್ಯೂ ಒಳಗೂ ಬದಲಿಸಬೇಕು. ಈ ತಲೆನೋವೇ ಬೇಡ ಅಂದರೆ ಸಿಎಚ್‌ಡಿ ಮಾಡಿ. ಮೇಮ್ ಜೊತೆ ಸಿಎಚ್‌ಡಿಮ್ಯಾನ್ ಅಂತ ಒಂದು ಸಣ್ಣ ಟೂಲ್ ಬರುತ್ತದೆ. ಕ್ಯೂ ಕೊಟ್ಟರೆ ಎಲ್ಲ ಬಿನ್‌ಗಳನ್ನೂ ಸೇರಿಸಿ, ಕುಗ್ಗಿಸಿ, ಸಿಡಿಗೊಂದು ಫೈಲ್ ಮಾಡುತ್ತದೆ. ಹಳೇ ಬಿನ್, ಕ್ಯೂ ಕಾರ್ಡಿನಿಂದ ತೆಗೆದುಬಿಡಿ.

ನಿಮ್ಮ ಮೂರು ಸಿಡಿಗಳನ್ನೂ ಲ್ಯಾಪ್‌ಟಾಪ್‌ಗೆ ಬಿನ್, ಕ್ಯೂ ಆಗಿ ಇಳಿಸಿ, ಹೀಗೇ ಸಿಎಚ್‌ಡಿ ಮಾಡಿಕೊಳ್ಳಿ. ಆಮೇಲೆ ನೋಟ್‌ಪ್ಯಾಡ್ ತೆರೆದು ಮೂರು ಸಿಎಚ್‌ಡಿ ಹೆಸರನ್ನೂ ಸಾಲಿಗೊಂದರಂತೆ ಬರೆಯಿರಿ. ಕೊನೆಗೆ ಟಿಎಕ್ಸ್‌ಟಿ ಬದಲು ಎಂ3ಯು ಅಂತ ಸೇವ್ ಮಾಡಿ ಪಿಎಸ್ ಫೋಲ್ಡರ್‌ಗೆ ಹಾಕಿ. ಆಟ ತೆರೆಯುವುದು ಅದರಿಂದಲೇ. ಹಾಗೆ ಮಾಡಿದರೆ ಮೂರು ಸಿಡಿಗೂ ಮೆಮೊರಿ ಕಾರ್ಡ್ ಒಂದೇ ಇರುತ್ತದೆ. ಸಿಡಿ ಬದಲಿಸಿ ಅಂತ ಆಟ ಕೇಳಿದಾಗ ಮೆನು ಜೊತೆ ಸೆಲೆಕ್ಟ್ ಒತ್ತಿ. ಡಿಸ್ಕ್ ಕಂಟ್ರೋಲ್‌ಗೆ ಹೋಗಿ ಎಜೆಕ್ಟ್, ಮುಂದಿನ ನಂಬರ್, ಇನ್ಸರ್ಟ್.

ಬಯೋಸ್ ಫೋಲ್ಡರ್‌ನಲ್ಲಿ ಪಿಎಸ್‌ನ ಬಯೋಸ್ ಫೈಲ್ (ಆ ಮೆಷಿನ್ ಆನ್ ಆಗಲು ಬೇಕಾದ ಮೂಲ ಸಾಫ್ಟ್‌ವೇರ್) ಇದೆಯಾ ಅಂತಲೂ ನೋಡಿ, 512 ಕೆಬಿ ಇರುತ್ತದೆ. ಇಲ್ಲದೆಯೂ ಕೆಲವು ಆಟ ಓಡುತ್ತವೆ, ಕೆಲವು ಮಧ್ಯದಲ್ಲಿ ಮುನಿಸಿಕೊಳ್ಳುತ್ತವೆ. ಇನ್ನು ಸಿಎಚ್‌ಡಿ ಮಾಡದೆ ಬಿಟ್ಟ ಆಟಗಳಲ್ಲಿ ಯಾವುದಾದರೂ ಓಡುತ್ತಿದೆ, ಸಂಗೀತ ಮಾತ್ರ ಇಲ್ಲ ಅಂದರೆ, ಕ್ಯೂ ಬದಲು ಬಿನ್ ಒತ್ತಿರುತ್ತೀರಿ.