ತಂಡಕ್ಕೆಲ್ಲ ಒಂದೇ ಎಡಿಟರ್ ಮಾಡಿಸಿದವರು ಅನುಭವ ತಿಳಿಸಿ

ಹೊಸಸಾಲು
ನಮ್ಮದು ಸಣ್ಣ ತಂಡ. ಕೆಲವರದು ವಿಂಡೋಸ್, ಉಳಿದವರದು ಲಿನಕ್ಸ್. ಕೋಡ್ ಬರೆಯುವ ಎಡಿಟರ್ ಒಬ್ಬೊಬ್ಬರದು ಒಂದೊಂದು. ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಕೋಡ್ ಇದೆ ನಿಜ, ಆದರೆ ದಿನದ ವ್ಯವಹಾರವೆಲ್ಲ ಚಾಟ್‌ನಲ್ಲಿ ತುಣುಕು ಅಂಟಿಸುವುದರಲ್ಲೇ ನಡೆಯುತ್ತದೆ. ಅದನ್ನು ಇನ್ನೊಬ್ಬರು ನಕಲು ಮಾಡಿಕೊಂಡರೆ ಇಂಡೆಂಟ್ (ಸಾಲಿನ ಮೊದಲಿನ ಖಾಲಿ ಜಾಗ) ಕೆಟ್ಟಿರುತ್ತದೆ, ಉದ್ಧರಣ ಚಿಹ್ನೆ ಬದಲಾಗಿರುತ್ತದೆ. ಎರಡು ಸಾಲು ತಿದ್ದಿ ಗಿಟ್‌ಗೆ ಸೇರಿಸಿದ ಕಮಿಟ್‌ನಲ್ಲಿ, ಏನು ಬದಲಾಯಿತೆಂದು ಹೇಳಬೇಕಾದ ಡಿಫ್ ಇಡೀ ಫೈಲೇ ಬದಲಾದಂತೆ ತೋರಿಸುತ್ತದೆ. ಎಲ್ಲರಿಗೂ ಒಂದೇ ಎಡಿಟರ್ ಎಂದು ನಿಯಮ ಮಾಡಬೇಕೆಂದು ಒಬ್ಬರು ಹಟ ಹಿಡಿದಿದ್ದಾರೆ. ಹಾಗೆ ಮಾಡಿದವರು ಇದ್ದೀರಾ? ತುಣುಕು ಹಂಚಿಕೊಳ್ಳಲು ನೀವು ಏನು ಬಳಸುತ್ತೀರಿ?

ಮೊಂಡುಪೆನ್ಸಿಲ್
ನಾವು ಮಾಡಿದೆವು. ಆಗ ಎಲ್ಲರ ಬಾಯಲ್ಲೂ ಆಟಮ್ ಎಡಿಟರ್. 2014ರಲ್ಲಿ ಹೊರಬಂದದ್ದು, ಉಚಿತ, ಒಳಗಿನದನ್ನೆಲ್ಲ ಬೇಕಾದಂತೆ ತಿದ್ದಿಕೊಳ್ಳಬಹುದು. ತಂಡಕ್ಕೆಂದೇ ಒಂದು ರೆಪೊಸಿಟರಿ (ಗಿಟ್ ಸಂಗ್ರಹ) ತೆರೆದು ಸ್ನಿಪೆಟ್ (ಪದೇ ಪದೇ ಬೇಕಾಗುವ ಸಿದ್ಧ ಕೋಡ್ ತುಣುಕು), ಕೀಲಿ ಜೋಡಣೆ, ಥೀಮ್, ಲಿಂಟರ್ (ಕೋಡ್‌ನ ತಪ್ಪು ತೋರಿಸುವ ಸಾಧನ) ಎಲ್ಲವನ್ನೂ ಅದರಲ್ಲಿಟ್ಟೆವು. ಹೊಸಬರು ಬಂದ ದಿನವೇ ಅದನ್ನು ಇಳಿಸಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. 2022ರ ಡಿಸೆಂಬರ್ 15ರಂದು ಆಟಮ್ ಯೋಜನೆಗೇ ಬಾಗಿಲು ಹಾಕಲಾಯಿತು.

ವಿಎಸ್ ಕೋಡ್ ಎಂಬ ಇನ್ನೊಂದು ಎಡಿಟರ್‌ಗೆ ಹೋದರಾಯಿತಲ್ಲ ಎನ್ನುವವರು ಸ್ನಿಪೆಟ್ ವರ್ಗಾಯಿಸಿ ನೋಡಿದವರಲ್ಲ. ಆಟಮ್‌ನಲ್ಲಿ ಮೂರು ಉದ್ಧರಣ ಚಿಹ್ನೆಗಳ ನಡುವೆ ಕೋಡನ್ನು ಇದ್ದಂತೆಯೇ ಬರೆದರೆ ಮುಗಿಯಿತು. ವಿಎಸ್ ಕೋಡ್‌ನಲ್ಲಿ ಜೇಸನ್ ಎಂಬ ಕಟ್ಟುನಿಟ್ಟಿನ ಬರವಣಿಗೆ ರೂಪ: ಪ್ರತಿ ಸಾಲೂ ಒಂದೊಂದು ಸ್ಟ್ರಿಂಗ್, ಸಾಲಿನೊಳಗೆ ಬರುವ ಪ್ರತಿ ಜೋಡಿ ಉದ್ಧರಣ ಚಿಹ್ನೆಯ ಮುಂದೂ ಒಂದು ಬ್ಯಾಕ್‌ಸ್ಲ್ಯಾಶ್. ನಮ್ಮವು ಬಹುಪಾಲು ಶೆಲ್ ಸ್ಕ್ರಿಪ್ಟ್‌ಗಳು (ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿಗಳು), ಹೆಜ್ಜೆಗೊಂದು ಡಾಲರ್ ಚಿಹ್ನೆ. ಸ್ನಿಪೆಟ್‌ನಲ್ಲಿ ಡಾಲರ್ ಎಂದರೆ ಕರ್ಸರ್ ನಿಲ್ಲುವ ಜಾಗ ಅಥವಾ ವೇರಿಯಬಲ್. ಅದು ಅಕ್ಷರವಾಗಿಯೇ ಉಳಿಯಬೇಕಾದರೆ ಬ್ಯಾಕ್‌ಸ್ಲ್ಯಾಶ್ ಬೇಕು; ಆ ಬ್ಯಾಕ್‌ಸ್ಲ್ಯಾಶನ್ನು ಜೇಸನ್ ನುಂಗದಿರಲು ಇನ್ನೊಂದು ಬೇಕು. ಹಾಕದಿದ್ದರೆ ದೋಷ ಸಂದೇಶ ಬರುತ್ತದೆಯೇ? ಇಲ್ಲ. ವೇರಿಯಬಲ್ ಪರಿಚಯವಿಲ್ಲದಿದ್ದರೆ ಡಾಲರನ್ನು ಸದ್ದಿಲ್ಲದೆ ಕಳಚಿ ಹೆಸರನ್ನು ಮಾತ್ರ ಬರೆಯುತ್ತದೆ. ಡಾಲರ್ ಕಳಚಿದ ಪಾತ್ (ಫೋಲ್ಡರ್ ವಿಳಾಸ) ಇಟ್ಟುಕೊಂಡ ಸ್ಕ್ರಿಪ್ಟ್ ಓಡುತ್ತದೆ, ಬೇರೆಲ್ಲೋ ಒಂದು ಫೋಲ್ಡರ್ ಸೃಷ್ಟಿಸುತ್ತದೆ, ಎಲ್ಲ ಸರಿಯಾಯಿತು ಎಂದು ಹೇಳಿ ನಿಲ್ಲುತ್ತದೆ.

ಆದರೂ ಇವತ್ತಿಗೂ ನಮ್ಮಲ್ಲಿ ಒಂದೇ ಎಡಿಟರ್. ಬೇರೆ ಬೇರೆ ಇದ್ದಿದ್ದರೆ ಈ ಪಾಡನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮೂಲೆಯಲ್ಲಿ ಪಡುತ್ತಿದ್ದರು. ನಮ್ಮಲ್ಲಿ ನಾನೊಬ್ಬನೇ ಪಟ್ಟೆ.

ಎಡಗೈಬರಹ
ಮೊಂಡುಪೆನ್ಸಿಲ್ ಅವರೇ, ಇಷ್ಟುದ್ದ ಬರೆದು ನೀವು ಹೇಳಿದ್ದು ಇಷ್ಟೇ: ಇನ್ನೊಬ್ಬರ ಜಾಗದಲ್ಲಿ ಮನೆ ಕಟ್ಟಿದಿರಿ. ನನ್ನ ಎಡಿಟರ್ ವಿಮ್ 1991ರದ್ದು, ಅದರ ಮೂಲವಾದ ವಿಐ 1976ರದ್ದು. ವಿಮ್ ಕಟ್ಟಿದ ಬ್ರಾಮ್ ಮೂಲನಾರ್ 2023ರಲ್ಲಿ ತೀರಿಕೊಂಡ ಮೇಲೂ ಅದರ ಕೆಲಸ ನಿಂತಿಲ್ಲ. ನನ್ನ ಸೆಟ್ಟಿಂಗ್ ಫೈಲು ಯಾವ ಯಂತ್ರಕ್ಕೆ ಹೋದರೂ ಜೊತೆಗೆ ಬರುತ್ತದೆ, ಯಾವ ಕಂಪನಿಯೂ ಅದನ್ನು ಮುಚ್ಚಲಾರದು.

ಅಂಟಿಸುವಾಗ ಇಂಡೆಂಟ್ ಕೆಡುವುದಕ್ಕೆ ಕಾರಣ ಗೊತ್ತಿಲ್ಲದೆ ಎಡಿಟರನ್ನು ಬೈಯುವವರೇ ಹೆಚ್ಚು. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪಿಸುವ ಕಿಟಕಿಯಲ್ಲಿ) ಅಂಟಿಸಿದರೆ, ನೀವೇ ಬಲು ವೇಗವಾಗಿ ಕೀಲಿ ಒತ್ತುತ್ತಿದ್ದೀರಿ ಎಂದು ವಿಮ್ ತಿಳಿಯುತ್ತದೆ. ಸಾಲು ಮುಗಿದಾಗಲೆಲ್ಲ ತನ್ನ ಇಂಡೆಂಟ್ ಸೇರಿಸುತ್ತದೆ, ಅಂಟಿಸಿದ ಕೋಡ್‌ನಲ್ಲಿರುವ ಇಂಡೆಂಟ್ ಅದರ ಮೇಲೆ ಕೂರುತ್ತದೆ, ಹೀಗೆ ಸಾಲಿನಿಂದ ಸಾಲಿಗೆ ಕೋಡ್ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಸರಿಯುತ್ತದೆ. ನಡುವೆ ಒಂದು ಕಾಮೆಂಟ್ (ಕೋಡ್ ಆಗಿ ಓಡದ ಟಿಪ್ಪಣಿ) ಸಾಲು ಸಿಕ್ಕಿತೋ, ಅಲ್ಲಿಂದ ಕೆಳಗಿನದೆಲ್ಲ ಕಾಮೆಂಟ್ ಆಗುವುದೂ ಉಂಟು. ಹಿಂದೆ ಪೇಸ್ಟ್ ಮೋಡ್ ಹಾಕುತ್ತಿದ್ದೆವು. ಅದನ್ನು ತೆಗೆಯಲು ಮರೆತರೆ ಟ್ಯಾಬನ್ನು ಸ್ಪೇಸ್ ಮಾಡುವ ಸೆಟ್ಟಿಂಗ್ ಸತ್ತಿರುತ್ತದೆ, ನಮ್ಮ ಕೀಲಿ ಜೋಡಣೆಗಳೂ ಸತ್ತಿರುತ್ತವೆ. ಅಂಟಿಸಿದ್ದು ಯಾವುದೆಂದು ಟರ್ಮಿನಲ್ ಗುರುತು ಹಾಕಿ ತಿಳಿಸುವ ಬ್ರಾಕೆಟೆಡ್ ಪೇಸ್ಟ್ ಬಂದ ಮೇಲೆ, ಅಂದರೆ ವಿಮ್ 8ರಿಂದ, ಟರ್ಮಿನಲ್ ಸಹಕರಿಸಿದರೆ ಈ ಕಾಟವಿಲ್ಲ. ಇನ್ನೂ ಮೆಟ್ಟಿಲು ಹತ್ತುತ್ತಿರುವವರು ತಮ್ಮ ಟರ್ಮಿನಲ್ ಬದಲಿಸಲಿ.

ಮೊಂಡುಪೆನ್ಸಿಲ್
ಅಂಟಿಸುವುದಕ್ಕೆ ಮೊದಲು ಒಂದು ಮೋಡ್, ಅಂಟಿಸಿದ ಮೇಲೆ ಅದನ್ನು ತೆಗೆಯುವುದು, ಅದೂ ಬೇಡವೆಂದರೆ ಟರ್ಮಿನಲನ್ನೇ ಬದಲಿಸುವುದು. ಮನೆ ಕಟ್ಟಿದವನಿಗೆ ಬುದ್ಧಿ ಹೇಳುವ ಮುನ್ನ ನಿಮ್ಮ ಬಾಗಿಲಿಗೆ ಎಷ್ಟು ಚಿಲಕ ಎಂದು ಎಣಿಸಿಕೊಳ್ಳಿ.

ಕೊನೆಯಕಂಸ
ಎಡಿಟರ್ ಯಾವುದಾದರೂ ಇರಲಿ. ಉಳಿಸಿದಾಗಲೆಲ್ಲ ತಾನೇ ಕೋಡನ್ನು ಫಾರ್ಮ್ಯಾಟ್ ಮಾಡುವ (ಒಂದೇ ಅಚ್ಚಿಗೆ ಹೊಂದಿಸುವ) ಸೌಲಭ್ಯವನ್ನು ಯಾರಿಗೂ ಹೇಳದೆ ಆನ್ ಮಾಡುವವರಿಂದ ನಿಮ್ಮ ರೆಪೊಸಿಟರಿಯನ್ನು ಕಾಪಾಡಿಕೊಳ್ಳಿ.

ನಾನು ಹಳೆಯ ಪಾವತಿ ಮಾಡ್ಯೂಲ್ ಒಂದನ್ನು ಬಿಡಿಸಿ ಬರೆಯುತ್ತಿದ್ದೆ. ಉದ್ದನೆಯ ಬ್ರಾಂಚ್ (ಮುಖ್ಯ ಕೋಡ್‌ನಿಂದ ಕವಲೊಡೆದ ನನ್ನ ಪ್ರತಿ), ಮುಗಿಯುವ ಹಂತದಲ್ಲಿತ್ತು. ಅಷ್ಟರಲ್ಲಿ ತಂಡದ ಮುಖ್ಯಸ್ಥರು ಇಡೀ ರೆಪೊಸಿಟರಿಯ ಮೇಲೆ ಫಾರ್ಮ್ಯಾಟರ್ ಓಡಿಸಿ ಮುಖ್ಯ ಬ್ರಾಂಚಿಗೆ ಸೇರಿಸಿದರು. ನಾನು ರೀಬೇಸ್ ಮಾಡಲು (ನನ್ನ ಬದಲಾವಣೆಗಳನ್ನು ಹೊಸ ಮುಖ್ಯ ಬ್ರಾಂಚಿನ ಮೇಲೆ ಕೂರಿಸಲು) ಹೋದರೆ ಮುಟ್ಟಿದ ಫೈಲಿಗೆಲ್ಲ ಸಂಘರ್ಷ. ನಿಜವಾದ ಸಂಘರ್ಷವಾದರೆ ಓದಿ ಬಿಡಿಸಬಹುದು. ಇಲ್ಲಿ ಎಡಗಡೆಯದೂ ಬಲಗಡೆಯದೂ ಒಂದೇ, ಆವರಣ ಚಿಹ್ನೆ ಮಾತ್ರ ಮುಂದಿನ ಸಾಲಿಗೆ ಜಾರಿದೆ. ನೂರರಲ್ಲಿ ಒಂದು ಕಡೆ ಮಾತ್ರ ಲೆಕ್ಕಾಚಾರವೂ ಬದಲಾಗಿರುತ್ತದೆ. ಆ ಒಂದಕ್ಕಾಗಿ ನೂರನ್ನೂ ಓದಬೇಕು. ಜೊತೆಗೆ ಯಾವ ಸಾಲು ಯಾರದೆಂದು ತೋರಿಸುವ ಗಿಟ್ ಬ್ಲೇಮ್ ತೆರೆದರೆ ಪ್ರತಿ ಸಾಲಿಗೂ ಆ ಮುಖ್ಯಸ್ಥರದೇ ಹೆಸರು. ಸುಂಕದ ದರವನ್ನು ಹಾಗೆ ದುಂಡಾಗಿಸಿದ್ದು ಯಾರು, ಏಕೆ ಎಂದು ಯಾರನ್ನು ಕೇಳಬೇಕು?

ಗೀಟುಕಾಗದ
ಅದೇ ಕೆಲಸವನ್ನು ನಮ್ಮ ತಂಡದಲ್ಲಿ ಮಾಡಿಸಿದವಳು ನಾನು, ಆದ್ದರಿಂದ ಉತ್ತರ ಕೊಡಬೇಕಾಗಿದೆ. ಫಾರ್ಮ್ಯಾಟರ್ ಬರುವ ಮುಂಚೆ ನಮ್ಮ ಪ್ರತಿ ಕೋಡ್ ವಿಮರ್ಶೆಯಲ್ಲೂ ಅರ್ಧ ಟಿಪ್ಪಣಿಗಳು ಖಾಲಿ ಜಾಗದ ಬಗ್ಗೆಯೇ ಇರುತ್ತಿದ್ದವು. ಆ ಜಗಳ ಈಗ ಇಲ್ಲವೇ ಇಲ್ಲ.

ಬ್ಲೇಮ್ ಹಾಳಾಯಿತು ಎಂಬ ದೂರು ಹಳತಾಯಿತು. 2019ರಲ್ಲಿ ಬಂದ ಗಿಟ್ 2.23ರಿಂದ, ಬ್ಲೇಮ್ ಮಾಡುವಾಗ ಇಂಥ ಕಮಿಟನ್ನು ದಾಟಿ ನೋಡು ಎಂದು ಹೇಳಲು ಅವಕಾಶವಿದೆ. ಆ ಕಮಿಟ್‌ಗಳ ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟರೆ ಸಾಕು. ಇನ್ನು ಬ್ರಾಂಚಿನ ಮಾತು: ಮುಖ್ಯ ಬ್ರಾಂಚನ್ನು ಫಾರ್ಮ್ಯಾಟ್ ಕಮಿಟ್‌ನ ಹಿಂದಿನ ಕಮಿಟ್‌ವರೆಗೆ ಮೊದಲು ನಿಮ್ಮ ಬ್ರಾಂಚಿಗೆ ಮರ್ಜ್ ಮಾಡಬೇಕು (ಸೇರಿಸಬೇಕು). ಆಮೇಲೆ ನಿಮ್ಮ ಬ್ರಾಂಚಿನ ಮೇಲೆ ಅದೇ ಆವೃತ್ತಿಯ ಅದೇ ಫಾರ್ಮ್ಯಾಟರ್ ಓಡಿಸಬೇಕು. ಕೊನೆಗೆ ಫಾರ್ಮ್ಯಾಟ್ ಕಮಿಟನ್ನು ಮಾತ್ರ ‘ಅವರ್ಸ್’ (ನಮ್ಮದು) ತಂತ್ರದಲ್ಲಿ ಮರ್ಜ್ ಮಾಡಿದರೆ ನಿಮ್ಮದೇ ಉಳಿಯುತ್ತದೆ, ಇತಿಹಾಸವೂ ಕೂಡಿಕೊಳ್ಳುತ್ತದೆ. ನೂರು ಸಂಘರ್ಷ ಓದುವ ಅಗತ್ಯವೇ ಇರಲಿಲ್ಲ.

ಕೊನೆಯಕಂಸ
ದಾಟಿ ನೋಡುವ ಪಟ್ಟಿ ರೆಪೊಸಿಟರಿಯಲ್ಲಿದ್ದರೆ ಸಾಲದು. ಪ್ರತಿಯೊಬ್ಬರೂ ತಮ್ಮ ಗಿಟ್ ಸೆಟ್ಟಿಂಗ್‌ನಲ್ಲಿ ಅದನ್ನು ಸೂಚಿಸಬೇಕು. ಅದನ್ನೂ ಬರೆಯಿರಿ. ನಮ್ಮವರು ಯಾರೂ ಸೂಚಿಸಲಿಲ್ಲ, ಏಕೆಂದರೆ ಯಾರೂ ಹೇಳಿರಲಿಲ್ಲ. ನೀವು ವಿವರಿಸಿದ ಮರ್ಜ್ ವಿಧಾನವನ್ನೂ ನಮಗೆ ಯಾರೂ ಹೇಳಲಿಲ್ಲ. ಮಾಡಿಸಿದವರಿಗೆ ಒಂದು ಆಜ್ಞೆ, ಅನುಭವಿಸುವವರಿಗೆ ಇಷ್ಟೆಲ್ಲ ಶಾಸ್ತ್ರ.

ಗೀಟುಕಾಗದ
ನಿಮ್ಮ ಮುಖ್ಯಸ್ಥರ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ.

ಖಾಲಿಸ್ಥಳ
ಇಂಡೆಂಟ್ ಕಣ್ಣಿಗಾದರೂ ಕಾಣುತ್ತದೆ, ಕಾಣದ್ದರ ಮಾತನ್ನು ಯಾರೂ ಆಡುತ್ತಿಲ್ಲ. ಸಹೋದ್ಯೋಗಿಯೊಬ್ಬರು ಚಾಟ್‌ನಲ್ಲಿ ಒಂದು ಆಜ್ಞೆ ಕಳುಹಿಸಿದರು: ಒಂದು ಆಜ್ಞೆಯ ಫಲಿತಾಂಶವನ್ನು ಇನ್ನೊಂದಕ್ಕೆ ದಾಟಿಸುವ ಪೈಪ್ ಚಿಹ್ನೆ, ಆಮೇಲೆ ಪಠ್ಯ ಹುಡುಕುವ ಗ್ರೆಪ್. ಅಂಟಿಸಿದರೆ ಶೆಲ್ ‘ಆಜ್ಞೆ ಸಿಗಲಿಲ್ಲ’ ಎನ್ನುತ್ತದೆ. ಅದೇ ಗ್ರೆಪ್ ನಾನು ಕೈಯಾರೆ ಬರೆದರೆ ಓಡುತ್ತದೆ. ಗ್ರೆಪ್ ಅಳಿಸಿ ಮತ್ತೆ ಹಾಕಿದೆ, ಪಾತ್ ಪರೀಕ್ಷಿಸಿದೆ, ಪ್ಯಾಕೇಜ್ ಮರುಸ್ಥಾಪಿಸಿದೆ. ಕಡೆಗೆ ಪ್ರತಿ ಅಕ್ಷರದ ಸಂಕೇತ ತೋರಿಸುವ ಹೆಕ್ಸ್‌ನಲ್ಲಿ ತೆರೆದಾಗ ಕಂಡದ್ದು: ಪೈಪ್‌ನ ನಂತರ ಇದ್ದದ್ದು ಸಾಧಾರಣ ಸ್ಪೇಸ್ ಅಲ್ಲ, ಯು+00ಎ0, ಸಾಲು ಮುರಿಯಗೊಡದ ಸ್ಪೇಸ್. ಮ್ಯಾಕ್‌ನಲ್ಲಿ ಆಪ್ಶನ್ ಕೀಲಿಯ ಮೇಲಿನ ಬೆರಳನ್ನು ಬಿಡುವ ಮೊದಲೇ ಸ್ಪೇಸ್ ಒತ್ತಿದರೆ ಅದು ಬೀಳುತ್ತದೆ. ಶೆಲ್‌ಗೆ ಅದು ಗ್ರೆಪ್‌ನ ಮೊದಲ ಅಕ್ಷರ. ಸಿ ಭಾಷೆಯ ಕೋಡ್‌ನಲ್ಲಿ ಬಿದ್ದರೆ ಜಿಸಿಸಿ ಕಂಪೈಲರ್ 302, 240 ಎಂಬ ಸಂಖ್ಯೆ ಹಿಡಿದು ದೂರುತ್ತದೆ. ಅದು ಇದೇ ಅಕ್ಷರದ ಎರಡು ಬೈಟುಗಳು, ಎಂಟರ ಎಣಿಕೆಯಲ್ಲಿ (ಆಕ್ಟಲ್) ಬರೆದದ್ದು.

ಇದರ ಜೊತೆಗೆ ಚಾಟ್ ಕಿಟಕಿಗಳ ಉಪಕಾರ ಬೇರೆ. ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತವೆ, ಎರಡು ಹೈಫನ್‌ಗಳನ್ನು ಒಂದು ಉದ್ದ ಗೆರೆ ಮಾಡುತ್ತವೆ. ಓದುವವರಿಗೆ ಚೆಂದ, ಎರಡು ಹೈಫನ್‌ನಿಂದ ಶುರುವಾಗುವ ಆಯ್ಕೆ ಓದುವ ಪ್ರೋಗ್ರಾಮ್‌ಗೆ ಕುತ್ತು. ಕಾಣದ ಅಕ್ಷರಗಳನ್ನೆಲ್ಲ ಅಳಿಸಿಬಿಡುವ ಪ್ಲಗಿನ್ ಹಾಕಿಕೊಳ್ಳಿ ಎಂದು ಸಲಹೆ ಕೊಡುವವರಿಗೆ ಮೊದಲೇ ಹೇಳುತ್ತೇನೆ: ಕನ್ನಡ ಪಠ್ಯದಲ್ಲಿ ಅರ್ಧಾಕ್ಷರ ಒತ್ತಾಗದಂತೆ ತಡೆಯುವ ಶೂನ್ಯ ಅಗಲದ ಅಕ್ಷರವೂ ಅಂಥದ್ದೇ. ಅದನ್ನೂ ಅಳಿಸಿದರೆ ಪರದೆಯ ಮೇಲಿನ ಹೆಸರುಗಳೆಲ್ಲ ಸೊಟ್ಟಗಾಗುತ್ತವೆ. ಅಳಿಸಬೇಡಿ, ಕಾಣುವಂತೆ ಮಾಡಿ. 2021ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೋರಿಸಿದ ಟ್ರೋಜನ್ ಸೋರ್ಸ್ ದಾಳಿಯೂ ಇಂಥ ಅಕ್ಷರಗಳದ್ದೇ: ಬರಹದ ದಿಕ್ಕು ಬದಲಿಸುವ ಅಕ್ಷರಗಳನ್ನು ಕಾಮೆಂಟ್‌ನೊಳಗೆ ಹುದುಗಿಸಿದರೆ ವಿಮರ್ಶಕರು ಓದುವ ಕೋಡ್ ಒಂದು, ಕಂಪೈಲರ್ ಓದುವುದು ಇನ್ನೊಂದು.

ಹೊಸಸಾಲು
ಎಲ್ಲರಿಗೂ ಧನ್ಯವಾದ. ಇಡೀ ಫೈಲು ಬದಲಾದಂತೆ ಕಾಣುವುದಕ್ಕೆ ಪರಿಹಾರವೇನು ಎಂದು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಎಡಗೈಬರಹ
ಸಾಲಿನ ಕೊನೆಯ ಅಕ್ಷರಗಳು, ಮತ್ತೇನು. ವಿಂಡೋಸ್‌ನವರದು ಎರಡು, ಉಳಿದವರದು ಒಂದು. ಯಾವುದು ಬೇಕೆಂದು ಗಿಟ್ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಹೇಳಿ, ಒಮ್ಮೆ ರೀನಾರ್ಮಲೈಸ್ ಮಾಡಿ (ಇರುವ ಫೈಲುಗಳನ್ನೂ ಅದಕ್ಕೆ ಹೊಂದಿಸಿ) ಕಮಿಟ್ ಮಾಡಿ. ವಿಂಡೋಸ್‌ನ ಬ್ಯಾಚ್ ಫೈಲುಗಳಿಗೆ ಮಾತ್ರ ವಿನಾಯಿತಿ ಕೊಡಿ.

ಬೀಗದಕೈ
ತುಣುಕು ಹಂಚುವ ವಿಷಯ ಯಾರೂ ಎತ್ತುತ್ತಿಲ್ಲ, ನನಗೆ ಅದರದೇ ಗಾಯ. ನಮ್ಮಲ್ಲಿ ಒಬ್ಬರು ಸಹಾಯ ಕೇಳಲು ಸೆಟ್ಟಿಂಗ್ ಫೈಲನ್ನು ಗಿಸ್ಟ್‌ನಲ್ಲಿ (ಗಿಟ್‌ಹಬ್‌ನ ತುಣುಕು ಹಂಚುವ ಸೇವೆ) ಹಾಕಿದರು. ಗುಟ್ಟಿನ ಗಿಸ್ಟ್ ಅಲ್ಲವೇ ಎಂಬ ಧೈರ್ಯ. ಅಲ್ಲಿ ಗುಟ್ಟು ಎಂದರೆ ಹುಡುಕಾಟದಲ್ಲಿ ಸಿಗುವುದಿಲ್ಲ ಎಂದಷ್ಟೇ. ಕೊಂಡಿ ಸಿಕ್ಕ ಯಾರು ಬೇಕಾದರೂ ತೆರೆಯಬಹುದು. ಕೊಂಡಿ ಚಾಟ್‌ಗೆ ಹೋಯಿತು, ಅಲ್ಲಿಂದ ಹೊರಗಿನ ಗುತ್ತಿಗೆದಾರರಿಗೆ, ಅಲ್ಲಿಂದ ದೇವರೇ ಬಲ್ಲ. ಫೈಲಿನೊಳಗೆ ಡೇಟಾಬೇಸ್ ಪಾಸ್‌ವರ್ಡ್, ಮೇಲ್ ಸೇವೆಯ ಟೋಕನ್, ಸಂಗ್ರಹಣೆಯ ಕೀಲಿ.

ಅವರು ತಕ್ಷಣ ತಿದ್ದಿ ಕೀಲಿ ಅಳಿಸಿದರು, ಮುಗಿಯಿತು ಎಂದುಕೊಂಡರು. ಗಿಸ್ಟ್ ಕೂಡ ಗಿಟ್ ರೆಪೊಸಿಟರಿಯೇ, ಹಳೆಯ ಆವೃತ್ತಿ ಒಂದು ಕ್ಲಿಕ್ ದೂರದಲ್ಲಿ ಹಾಗೆಯೇ ಕೂತಿರುತ್ತದೆ. ಆದ್ದರಿಂದ ಕೀಲಿಗಳನ್ನೇ ಬದಲಿಸಬೇಕಾಯಿತು. ಬದಲಿಸಲು ಹೊರಟಾಗ ಅದೇ ಡೇಟಾಬೇಸ್ ಪಾಸ್‌ವರ್ಡನ್ನು ವರದಿ ತಯಾರಿಸುವ ಹಳೆಯ ಸ್ಕ್ರಿಪ್ಟ್ ಬಳಸುತ್ತಿದೆ ಎಂದು ತಿಳಿಯಿತು. ಅದರ ಪ್ರತಿ ಯಾವ ಯಂತ್ರದಲ್ಲಿದೆ ಎಂಬುದು ಕೆಲಸ ಬಿಟ್ಟುಹೋದವರಿಗೆ ಮಾತ್ರ ಗೊತ್ತು. ಮೇಲ್ ಟೋಕನ್ ರದ್ದಾದ ಗಳಿಗೆಯಿಂದ ಗ್ರಾಹಕರಿಗೆ ರಸೀದಿ ಹೋಗುವುದು ನಿಂತಿತು. ಅದು ನಮಗೆ ಗೊತ್ತಾದದ್ದು ಗ್ರಾಹಕರ ಬೈಗುಳದಿಂದ. ಈಗ ನಮ್ಮಲ್ಲಿ ತುಣುಕು ಎಂದರೆ ಬ್ರಾಂಚ್. ಎರಡೇ ಸಾಲಿರಲಿ, ಪುಶ್ ಮಾಡಿ ಕೊಂಡಿ ಕೊಡಬೇಕು.

ಮೊಂಡುಪೆನ್ಸಿಲ್
ಎರಡು ಸಾಲಿಗೆ ಬ್ರಾಂಚ್! ನಿಮ್ಮ ರೆಪೊಸಿಟರಿಯಲ್ಲಿ ಕೋಡ್‌ಗಿಂತ ಬ್ರಾಂಚ್‌ಗಳೇ ಹೆಚ್ಚಿರಬೇಕು. ನಾನಾದರೆ ಎಡಿಟರ್‌ನ ಚಿತ್ರ ತೆಗೆದು ಕಳುಹಿಸುತ್ತೇನೆ. ಇಂಡೆಂಟ್ ಕೆಡುವುದಿಲ್ಲ, ಚಿಹ್ನೆ ಬಾಗುವುದಿಲ್ಲ.

ಮೂಕಕರ್ಸರ್
ದಯವಿಟ್ಟು ಚಿತ್ರ ಕಳುಹಿಸಬೇಡಿ. ನನಗೆ ದೃಷ್ಟಿ ಬಹಳ ಕಡಿಮೆ. ಪರದೆ ಓದುವ ತಂತ್ರಾಂಶಕ್ಕೆ ನಿಮ್ಮ ಚಿತ್ರ ಬರಿಯ ‘ಚಿತ್ರ’. ಅದರಲ್ಲಿರುವ ದೋಷ ಸಂದೇಶವನ್ನು ಹುಡುಕಲೂ ಆಗದು, ನಕಲು ಮಾಡಲೂ ಆಗದು. ಅದು ನಿಮಗೂ ಆಗದು.

ಇಂಡೆಂಟ್‌ಗೆ ಟ್ಯಾಬೋ ಸ್ಪೇಸೋ ಎಂಬ ವಿಷಯದಲ್ಲಿಯೂ ನನ್ನದು ಇದೇ ಜಗಳ. ಅಕ್ಷರವನ್ನು ತೀರಾ ದೊಡ್ಡದಾಗಿಟ್ಟುಕೊಂಡು ಕೆಲಸ ಮಾಡುವ ನನಗೆ ನಾಲ್ಕು ಸ್ಪೇಸ್ ಇಂಡೆಂಟ್ ಎಂದರೆ ಮೂರನೆಯ ಹಂತಕ್ಕೇ ಕೋಡ್ ಪರದೆಯ ಆಚೆ ಹೋಗಿರುತ್ತದೆ. ಟ್ಯಾಬ್ ಇದ್ದರೆ ಅದರ ಅಗಲವನ್ನು ಒಂದಕ್ಕೆ ಇಳಿಸಿಕೊಳ್ಳುತ್ತೇನೆ, ಪಕ್ಕದವರು ಎಂಟು ಇಟ್ಟುಕೊಳ್ಳಲಿ, ಫೈಲು ಒಂದೇ. ಬ್ರೈಲ್ ಪಟ್ಟಿ ಬಳಸುವವರಿಗೆ ಒಂದು ಟ್ಯಾಬ್ ಒಂದೇ ಕೋಶ ಸಾಕು, ನಾಲ್ಕು ಸ್ಪೇಸ್ ನಾಲ್ಕು ಕೋಶ ತಿನ್ನುತ್ತದೆ. ಗೋ ಭಾಷೆಯ ಫಾರ್ಮ್ಯಾಟರ್ ಟ್ಯಾಬ್ ಹಾಕುತ್ತದೆ, ಅಲ್ಲಿ ಯಾರ ಪ್ರಾಣವೂ ಹೋಗಿಲ್ಲ.

ಗೀಟುಕಾಗದ
ಪೈಥಾನ್‌ನವರ ಶೈಲಿ ಕೈಪಿಡಿ ಸ್ಪೇಸ್ ಎನ್ನುತ್ತದೆ, ನಮ್ಮದು ಪೈಥಾನ್. ಎರಡನ್ನೂ ಗೊಂದಲವಾಗುವಂತೆ ಬೆರೆಸಿದರೆ ಪೈಥಾನ್ 3 ಓಡುವುದೇ ಇಲ್ಲ. ಟ್ಯಾಬ್ ಬೇಕೆನ್ನುವವರು ಪ್ರೋಗ್ರಾಮ್ ಕಟ್ಟುವ ‘ಮೇಕ್’ ಸಾಧನದ ಫೈಲನ್ನೊಮ್ಮೆ ನೆನೆಯಲಿ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಅದನ್ನು ಬರೆದಾಗ ಸಾಲಿನ ಮೊದಲಿಗೆ ಟ್ಯಾಬ್ ಇಟ್ಟರು. ಆಮೇಲೆ ಬದಲಿಸೋಣವೆಂದರೆ ಆಗಲೇ ಹತ್ತು ಹನ್ನೆರಡು ಬಳಕೆದಾರರಿದ್ದರಂತೆ, ಅವರಿಗೆ ತೊಂದರೆ ಕೊಡುವುದೇಕೆ ಎಂದು ಬಿಟ್ಟರು. ಆ ಹನ್ನೆರಡು ಜನರ ಸುಖಕ್ಕೆ ನಾವೆಲ್ಲ ಇಂದಿಗೂ ತೆರಿಗೆ ಕಟ್ಟುತ್ತಿದ್ದೇವೆ.

ಮೂಕಕರ್ಸರ್
ಮೇಕ್‌ನ ತೊಂದರೆ ಟ್ಯಾಬ್ ಇರುವುದಲ್ಲ, ಟ್ಯಾಬ್‌ಗೂ ಸ್ಪೇಸ್‌ಗೂ ವ್ಯತ್ಯಾಸ ಕಾಣದಂತೆ ತೋರಿಸುವ ಎಡಿಟರ್. ಮೇಲೆ ಖಾಲಿಸ್ಥಳ ಹೇಳಿದ್ದೂ ಅದೇ. ನಿಮ್ಮದು ಪೈಥಾನ್ ಆದರೆ ಸ್ಪೇಸ್ ಇಟ್ಟುಕೊಳ್ಳಿ, ಆದರೆ ಅದನ್ನು ಸೌಂದರ್ಯಪ್ರಜ್ಞೆ ಎಂದು ಕರೆಯಬೇಡಿ. ಓದಲಾಗದವರನ್ನು ಹೊರಗಿಟ್ಟು ಸಾಲು ಹೊಂದಿಸುವುದು ನಿಮಗೆ ಜಗಳವಿಲ್ಲದ ವಿಮರ್ಶೆಯಾಗಿ ಕಾಣುತ್ತಿದೆ, ಅಷ್ಟೇ.

ಕೊನೆಯಕಂಸ
ಸರಿಯಾಗಿ ಹೇಳಿದಿರಿ.

ಗೀಟುಕಾಗದ
ಕೊನೆಯಕಂಸ ಅವರಿಗೆ ಇಲ್ಲಿ ಯಾರು ನನ್ನ ವಿರುದ್ಧ ಮಾತಾಡಿದರೂ ಸರಿಯೇ. ಮೂಕಕರ್ಸರ್ ಅವರೇ, ನಿಮ್ಮ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಟ್ಯಾಬ್ ಅಗಲ ಒಬ್ಬೊಬ್ಬರಿಗೆ ಒಂದೊಂದಾದರೆ ಸಾಲಿನ ಉದ್ದದ ಮಿತಿಯನ್ನು ಅಳೆಯುವುದು ಹೇಗೆ? ನಮ್ಮಲ್ಲಿ 80 ಕಾಲಮ್ (ಸಾಲಿಗೆ 80 ಅಕ್ಷರ) ದಾಟಿದರೆ ಬಿಲ್ಡ್ ನಿಲ್ಲುತ್ತದೆ.

ಎಡಗೈಬರಹ
80 ಕಾಲಮ್ ಎಂಬುದು 1928ರ ಪಂಚ್ ಕಾರ್ಡ್‌ನ ಅಗಲ. ಲಿನಕ್ಸ್ ಕರ್ನಲ್‌ನವರೇ 2020ರಲ್ಲಿ ತಮ್ಮ ಪರೀಕ್ಷಕದ ಎಚ್ಚರಿಕೆಯನ್ನು 100ಕ್ಕೆ ಏರಿಸಿದರು. ಅವರ ಟ್ಯಾಬ್ ಎಂಟು ಅಗಲದ್ದು, ಅಳತೆ ಎಂಟರಂತೆಯೇ. ಅಗಲ ಎಷ್ಟೆಂದು ಪರೀಕ್ಷಕಕ್ಕೆ ಒಮ್ಮೆ ಹೇಳಿದರಾಯಿತು, ಜನರಿಗೆ ಹೇಳಬೇಕಾಗಿಲ್ಲ.

ಮೊಂಡುಪೆನ್ಸಿಲ್
1976ರ ಎಡಿಟರ್ ಹಿಡಿದುಕೊಂಡವರು 1928ರ ಕಾರ್ಡನ್ನು ಹಳತು ಎನ್ನುತ್ತಿದ್ದಾರೆ.

ಎಡಗೈಬರಹ
ಡಾಲರ್ ಚಿಹ್ನೆ ಎಣಿಸಿ ಮುಗಿದಿದ್ದರೆ ಎಡಿಟರ್ ಕಾನ್ಫಿಗ್ ಫೈಲಿನ ಬಗ್ಗೆ ಓದಿ. ಇಂಡೆಂಟ್, ಅಗಲ, ಸಾಲಿನ ಕೊನೆ, ಅಕ್ಷರ ಸಂಕೇತ ಎಲ್ಲವೂ ಒಂದು ಫೈಲಿನಲ್ಲಿ, ರೆಪೊಸಿಟರಿಯ ಮೇಲ್ಮಟ್ಟದ ಫೋಲ್ಡರಿನಲ್ಲಿ. ನನ್ನ ವಿಮ್ ಅದನ್ನು ಓದುತ್ತದೆ, ನಿಮ್ಮ ವಿಎಸ್ ಕೋಡ್ ಪ್ಲಗಿನ್ ಹಾಕಿಕೊಂಡರೆ ಓದುತ್ತದೆ.

ಮೊಂಡುಪೆನ್ಸಿಲ್
ನಮ್ಮ ರೆಪೊಸಿಟರಿಯಲ್ಲಿ ಅದು ಆಟಮ್ ಕಾಲದಿಂದಲೂ ಇದೆ. ಸ್ನಿಪೆಟ್ ಅದರಲ್ಲಿ ಬರುವುದಿಲ್ಲ ಎಂಬುದೇ ನನ್ನ ತಕರಾರು, ಮೇಲಿನದನ್ನು ಓದಿದ್ದರೆ ತಿಳಿಯುತ್ತಿತ್ತು.